ಸೆಲ್ ತುಂಬಿದ್ದು ಚಾರ್ಜರ್‌ಗೆ ಹೇಗೆ ಗೊತ್ತಾಗುತ್ತದೆ?

ನಮ್ಮ ಮನೆಯಲ್ಲಿ ಬಿಪಿ ನೋಡುವ ಮಷೀನಿಗೆ ನಾಲ್ಕು ಪೆನ್ಸಿಲ್ ಸೆಲ್ ಬೇಕು. ರಿಚಾರ್ಜ್ ಮಾಡುವಂಥವನ್ನೇ ತಂದಿದ್ದೆ. ಜೊತೆಗೆ ಬಂದ ಚಾರ್ಜರ್‌ನಲ್ಲಿ ಒಂದೇ ಒಂದು ಕೆಂಪು ದೀಪ. ಸೆಲ್ ತುಂಬಿದರೂ ಉರಿಯುತ್ತಿತ್ತು, ತುಂಬದಿದ್ದರೂ ಉರಿಯುತ್ತಿತ್ತು. ರಾತ್ರಿ ಹಾಕಿ ಬೆಳಿಗ್ಗೆ ತೆಗೆದರೆ ಸೆಲ್ ಕೈಗೆ ಬಿಸಿ ತಟ್ಟುತ್ತಿತ್ತು. ಒಂದು ವರ್ಷ ಕಳೆಯುವುದರೊಳಗೆ, ಅಪ್ಪನ ಬಿಪಿ ನೋಡಲು ಬಟನ್ ಒತ್ತಿದರೆ ಗಾಳಿ ತುಂಬುವಷ್ಟರಲ್ಲೇ ಮಷೀನು ಆಫ್ ಆಗುತ್ತಿತ್ತು. ಹೀಗೇಕೆ ಎಂದು ತಿಳಿಯಲು ಹೊರಟಾಗ ಬರೆದುಕೊಂಡ ಟಿಪ್ಪಣಿ ಇದು.

ಈ ಸೆಲ್‌ಗಳ ಒಳಗಿರುವುದು ನಿಕಲ್ ಮೆಟಲ್ ಹೈಡ್ರೈಡ್. ಮೈಮೇಲೆ 1.2 ವೋಲ್ಟ್, 2000 ಎಂಎಎಚ್ ಅಂತ ಬರೆದಿರುತ್ತದೆ. ಒಂದೇ ಸಮನೆ 200 ಮಿಲಿಆಂಪ್ ಕರೆಂಟು ಎಳೆದರೆ ಸುಮಾರು 10 ಗಂಟೆ ಬರುತ್ತದೆ ಎಂದು ಅದರ ಅರ್ಥ.

ಫೋನಿನ ಲಿಥಿಯಂ ಬ್ಯಾಟರಿಯ ಲೆಕ್ಕ ಸುಲಭ. ಸಾಮಾನ್ಯವಾಗಿ 4.2 ವೋಲ್ಟ್‌ಗೆ ತಂದು ಅಲ್ಲೇ ಹಿಡಿದು ನಿಲ್ಲಿಸುತ್ತಾರೆ. ಕರೆಂಟು ತಾನಾಗಿ ಇಳಿದಾಗ ಬ್ಯಾಟರಿ ತುಂಬಿತು ಅಂತ ಅರ್ಥ. ನಿಕಲ್ ಸೆಲ್‌ಗೆ ಇಂಥ ಗೆರೆ ಇಲ್ಲ. ಕಾಲು ಭಾಗ ತುಂಬಿದಾಗಲೂ ಮುಕ್ಕಾಲು ತುಂಬಿದಾಗಲೂ ವೋಲ್ಟೇಜ್ ಹೆಚ್ಚುಕಮ್ಮಿ ಒಂದೇ. ಸೆಲ್ ಹಳೆಯದಾದರೆ ಅದು ಬದಲಾಗುತ್ತದೆ, ಸೆಕೆ ಜಾಸ್ತಿಯಾದರೂ ಬದಲಾಗುತ್ತದೆ. ಹಾಗಾಗಿ ಇಷ್ಟು ವೋಲ್ಟ್ ಬಂತು, ಸಾಕು ಎಂದು ಹೇಳಲು ಆಗುವುದಿಲ್ಲ.

ನಲ್ಲಿಗೆ ಕೊಡ ಹಿಡಿದದ್ದು ನೆನಪು ಮಾಡಿಕೊಳ್ಳಿ. ಒಳಗೆ ಇಣುಕದೆಯೇ ತುಂಬುತ್ತಾ ಬಂತು ಎಂದು ಗೊತ್ತಾಗುತ್ತದೆ, ಅಲ್ವಾ? ನೀರು ಕೊರಳಿಗೆ ಬಂದಂತೆ ಸದ್ದು ಬದಲಾಗುತ್ತದೆ. ಸ್ಮಾರ್ಟ್ ಚಾರ್ಜರ್ ಕೇಳಿಸಿಕೊಳ್ಳುವುದೂ ಇಂಥದ್ದೇ ಒಂದು ಸದ್ದನ್ನು.

ಆ ಸದ್ದು ಎಲ್ಲಿಂದ ಬರುತ್ತದೆ? ಚಾರ್ಜ್ ಆಗುವಾಗ ಕರೆಂಟಿನ ಬಹುಪಾಲು ಒಳಗಿನ ರಾಸಾಯನಿಕ ಬದಲಾವಣೆಗೆ ಹೋಗುತ್ತದೆ. ಸೆಲ್ ತುಂಬುತ್ತಾ ಬಂದಾಗ ಪಾಸಿಟಿವ್ ತಗಡಿಗೆ ಇನ್ನು ತೆಗೆದುಕೊಳ್ಳಲು ಜಾಗವಿಲ್ಲ. ಆಗ ಅಲ್ಲಿ ಆಮ್ಲಜನಕ ಹುಟ್ಟುತ್ತದೆ. ಅದು ನೆಗೆಟಿವ್ ತಗಡಿಗೆ ಹೋಗಿ ಮತ್ತೆ ನೀರಾಗುತ್ತದೆ. ಇಷ್ಟು ಸುತ್ತಾಟದಲ್ಲಿ ಚಾರ್ಜರ್ ಕೊಟ್ಟದ್ದೆಲ್ಲ ಶಾಖವಾಗಿ ಬಿಡುತ್ತದೆ. ಸೆಲ್ ಬಿಸಿಯಾಗುತ್ತದೆ. ಬಿಸಿಯಾದ ಸೆಲ್‌ನ ವೋಲ್ಟೇಜ್ ತುಸು ಇಳಿಯುತ್ತದೆ. ಅಲ್ಲಿಯವರೆಗೆ ಏರುತ್ತಲೇ ಇದ್ದದ್ದು ಒಂದು ತುದಿ ಮುಟ್ಟಿ ಕೆಳಕ್ಕೆ ತಿರುಗುತ್ತದೆ. ಇದನ್ನೇ ಮೈನಸ್ ಡೆಲ್ಟಾ ವಿ ಎನ್ನುತ್ತಾರೆ. ಶಾಖ ಮತ್ತು ಇಳಿತ ಎರಡೂ ಒಂದೇ ಘಟನೆಯ ಎರಡು ಗುರುತುಗಳು ಎಂದು ಅರ್ಥವಾದ ದಿನ ನನಗೆ ತುಂಬ ಖುಷಿಯಾಯಿತು.

ಕಣ್ಣಾರೆ ನೋಡಬೇಕೆಂದು ಒಂದು ಭಾನುವಾರ, ಆಮೇಲೆ ತಂದ ಹೊಸ ಸ್ಮಾರ್ಟ್ ಚಾರ್ಜರ್‌ನ ಮುಂದೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ಕೂತೆ. 1 ಆಂಪ್ ಕರೆಂಟು, 2000 ಎಂಎಎಚ್ ಸೆಲ್. ಶುರುವಿನಲ್ಲಿ 1.31 ವೋಲ್ಟ್. ಹತ್ತು ನಿಮಿಷಕ್ಕೆ 1.37. ಆಮೇಲೆ ಒಂದು ಗಂಟೆಗೂ ಜಾಸ್ತಿ 1.40, 1.41, 1.42 ಎಂದು ತೆವಳಿತು. ಎರಡು ಗಂಟೆ ಹತ್ತಿರವಾದಾಗ ಸರಸರ ಏರಿತು: 1.46, 1.48. ಆಗಿನಿಂದ ನಿಮಿಷಕ್ಕೊಮ್ಮೆ ಬರೆದುಕೊಂಡೆ. 1.492. ಮತ್ತೆ 1.492. ನಂತರ 1.490. 1.487. ಬೆರಳಿಟ್ಟು ನೋಡಿದರೆ ಅಷ್ಟು ಹೊತ್ತು ಬೆಚ್ಚಗಿದ್ದ ಸೆಲ್ ಬಿಸಿಯಾಗಿತ್ತು. 1.485 ಬಂದದ್ದೇ ತಡ, ದೀಪ ಹಸಿರಾಯಿತು.

ಇಳಿದದ್ದು ಬರೀ 7 ಮಿಲಿವೋಲ್ಟ್. ಹಳೆಯ ನಿಕಲ್ ಕ್ಯಾಡ್ಮಿಯಂ ಸೆಲ್‌ಗಳಲ್ಲಿ ಈ ಇಳಿತ ಇದಕ್ಕಿಂತ ದೊಡ್ಡದು. ಅವುಗಳಿಗೆಂದೇ ಮಾಡಿದ ಚಾರ್ಜರ್‌ಗೆ ಇವನ್ನು ಹಾಕಿದರೆ ಅದು ಇನ್ನೂ ದೊಡ್ಡ ಇಳಿತಕ್ಕಾಗಿ ಕಾಯುತ್ತಾ ಸೆಲ್‌ಅನ್ನು ಬೇಯಿಸಿಬಿಡಬಹುದು. ಇನ್ನೊಂದು ಲೆಕ್ಕ ನೋಡಿ. ಸೆಲ್ ಕೂರುವ ಲೋಹದ ತುದಿಯಲ್ಲಿ ಕೊಳೆ ಕೂತು 0.01 ಓಮ್ ತಡೆ ಬಂದಿತು ಎನ್ನಿ. 1 ಆಂಪ್ ಹರಿಯುವಾಗ ಅಷ್ಟಕ್ಕೇ 10 ಮಿಲಿವೋಲ್ಟ್ ವ್ಯತ್ಯಾಸವಾಗುತ್ತದೆ. ನಮಗೆ ಬೇಕಾದ ಸುಳಿವಿಗಿಂತ ಅದೇ ದೊಡ್ಡದು! ಅದಕ್ಕೇ ಎಷ್ಟೋ ಚಾರ್ಜರ್‌ಗಳು ಕ್ಷಣ ಹೊತ್ತು ಕರೆಂಟು ನಿಲ್ಲಿಸಿ ಆಮೇಲೆ ಅಳೆಯುತ್ತವೆ. ನಾವು ಮಾಡಬೇಕಾದದ್ದು ಇಷ್ಟೇ: ತುದಿಗಳನ್ನು ಆಗಾಗ ಒಣ ಬಟ್ಟೆಯಿಂದ ಒರೆಸುವುದು.

ನಿಧಾನವಾಗಿ ಚಾರ್ಜ್ ಮಾಡಿದರೆ ಸೆಲ್‌ಗೆ ಒಳ್ಳೆಯದು ಎಂದು ನಾನೂ ನಂಬಿದ್ದೆ. ಇಲ್ಲಿ ಅದು ಪೂರ್ತಿ ನಿಜವಲ್ಲ. ನಲ್ಲಿ ದಾರದಂತೆ ಸಣ್ಣಗೆ ಸುರಿಯುತ್ತಿದ್ದರೆ ಕೊಡದ ಸದ್ದು ಕೇಳಿಸುತ್ತದೆಯೇ? ಹಾಗೆಯೇ ಕರೆಂಟು ಕಡಿಮೆಯಿದ್ದರೆ ಹುಟ್ಟಿದ ಶಾಖ ಗಾಳಿಗೆ ಹೋಗಿ, ಇಳಿತವೇ ಕಾಣದಂತಾಗುತ್ತದೆ. 2000ದ ಸೆಲ್‌ಗೆ 200 ಮಿಲಿಆಂಪ್ ಕೊಟ್ಟರೆ ಇಳಿತವನ್ನು ನಂಬುವಂತಿಲ್ಲ, ಸುಮಾರು 16 ಗಂಟೆಗೆ ಟೈಮರ್ ಇಟ್ಟು ನಿಲ್ಲಿಸಬೇಕು. ಅರ್ಧ ಖಾಲಿಯಾದ ಸೆಲ್ ಹಾಕಿದರೂ ಟೈಮರ್‌ಗೆ ಅದು ತಿಳಿಯದು. ಇಳಿತ ನೋಡಿ ನಿಲ್ಲಿಸುವ ಚಾರ್ಜರ್ ಆದರೆ 1 ಆಂಪ್ ಹತ್ತಿರ ಇಡುವುದೇ ವಾಸಿ. 800 ಎಂಎಎಚ್‌ನ ಸಣ್ಣ ಸೆಲ್‌ಗೆ 400 ಮಿಲಿಆಂಪ್ ಸಾಕು.

ಇಳಿತ ತಪ್ಪಿಹೋದರೆ ಕಾಯಲು ಇನ್ನೊಬ್ಬ ಕಾವಲುಗಾರ ಬೇಕಲ್ಲ? ಒಳ್ಳೆಯ ಚಾರ್ಜರ್‌ಗಳಲ್ಲಿ ಸೆಲ್‌ಗೆ ತಾಗಿದಂತೆ ಥರ್ಮಿಸ್ಟರ್, ಅಂದರೆ ಬಿಸಿ ಅಳೆಯುವ ಪುಟ್ಟ ಬಿಡಿಭಾಗ, ಇರುತ್ತದೆ. ಎಷ್ಟು ಬಿಸಿ ಎನ್ನುವುದಕ್ಕಿಂತ ಎಷ್ಟು ಬೇಗ ಬಿಸಿಯಾಗುತ್ತಿದೆ ಎಂದು ನೋಡುವುದು ಜಾಣತನ. ಬೇಸಿಗೆಯಲ್ಲಿ ರಾಯಚೂರಿನ ಮನೆಯೊಳಗೆ ಸೆಲ್ ಸುಮ್ನೆ ಇಟ್ಟರೂ ಬಿಸಿಯಾಗಿರುತ್ತದೆ, ಮಡಿಕೇರಿಯಲ್ಲಿ ತಣ್ಣಗಿರುತ್ತದೆ. ಆದರೆ ವೇಗದ ಚಾರ್ಜ್‌ನಲ್ಲಿ ತುಂಬಿದ ಸೆಲ್ ಎಲ್ಲಿದ್ದರೂ ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ಏರತೊಡಗುತ್ತದೆ. ಅದೇ ಗುರುತು. ಕೊನೆಯ ತಡೆಯಾಗಿ ಟೈಮರ್ ಕೂಡ ಇರುತ್ತದೆ.

ಶುರುವಿನಲ್ಲೂ ಒಂದು ಮೋಸವಿದೆ. ತಿಂಗಳುಗಟ್ಟಲೆ ಡ್ರಾಯರ್‌ನಲ್ಲಿ ಬಿದ್ದಿದ್ದ ಸೆಲ್‌ಅನ್ನು ಹಾಕಿದರೆ ಮೊದಲ ನಿಮಿಷಗಳಲ್ಲೇ ವೋಲ್ಟೇಜ್ ಏರಿ ಇಳಿದು, ಸುಳ್ಳು ಸುಳಿವು ಕೊಡುವುದುಂಟು. ಹಾಗಾಗಿ ಚಾರ್ಜರ್ ಮೊದಲ ಕೆಲವು ನಿಮಿಷ ಇಳಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪೂರ್ತಿ ಬರಿದಾದ ಸೆಲ್‌ಗೆ ಮೊದಲು ಸ್ವಲ್ಪವೇ ಕೊಟ್ಟು ಎಬ್ಬಿಸಿ ನೋಡುತ್ತದೆ. ಸಾಮಾನ್ಯ ಆಲ್ಕಲೈನ್ ಸೆಲ್‌ಅನ್ನು ಗುರುತಿಸಿ ಬೇಡ ಎನ್ನುವ ಚಾರ್ಜರ್‌ಗಳಿವೆ. ಆದರೂ ಅದನ್ನೇ ನಂಬಿ ಹಾಕಬೇಡಿ. 14500 ಎಂಬ ಲಿಥಿಯಂ ಸೆಲ್ ಕೂಡ ಇದೇ ಗಾತ್ರದ್ದು, 3.7 ವೋಲ್ಟ್. ನಿಕಲ್ ಸೆಲ್‌ಗೆ ಮಾತ್ರ ಇರುವ ಚಾರ್ಜರ್‌ಗೆ ಅದನ್ನು ಖಂಡಿತ ಹಾಕಬಾರದು.

ಈಗ ನಮ್ಮ ಬಿಪಿ ಮಷೀನಿಗೆ ಬರೋಣ. ಹಳೆಯ ಚಾರ್ಜರ್ ಎರಡೆರಡು ಸೆಲ್‌ಗಳನ್ನು ಸಾಲಾಗಿ ಜೋಡಿಸಿ ಚಾರ್ಜ್ ಮಾಡುತ್ತಿತ್ತು. ಜೋಡಿಯಲ್ಲಿ ದುರ್ಬಲವಾದದ್ದು ಬೇಗ ತುಂಬುತ್ತದೆ. ಇನ್ನೊಂದು ತುಂಬುವ ತನಕ ಅದು ಸುಮ್ಮನೆ ಬೇಯುತ್ತದೆ, ಇನ್ನಷ್ಟು ದುರ್ಬಲವಾಗುತ್ತದೆ. ಹೊಸ ಚಾರ್ಜರ್‌ನಲ್ಲಿ ಪ್ರತಿ ಸೆಲ್‌ಗೂ ಬೇರೆ ಅಳತೆ, ಬೇರೆ ನಿಲುಗಡೆ. ಅದರಲ್ಲಿ ಡಿಸ್ಚಾರ್ಜ್ ಮಾಡಿ ಅಳೆಯುವ ಬಟನ್ ಇದೆ. ತುಂಬುವಾಗ ತೋರಿಸುವ ಎಂಎಎಚ್ ಅಂಕಿಯಲ್ಲಿ ಶಾಖಕ್ಕೆ ಹೋದದ್ದೂ ಸೇರಿರುವುದರಿಂದ ಅದು ಯಾವಾಗಲೂ ಜಾಸ್ತಿ. ಸೆಲ್‌ನ ನಿಜವಾದ ಶಕ್ತಿ ತಿಳಿಯುವುದು ಬರಿದು ಮಾಡುವಾಗ. ನಾಲ್ಕನ್ನೂ ತುಂಬಿಸಿ, ಆಮೇಲೆ ಬರಿದು ಮಾಡಿಸಿದೆ. 1720, 1690, 1650, ಕೊನೆಯದು 640. ಆ ಒಂದು ಸೆಲ್ ಉಳಿದ ಮೂರನ್ನೂ ಕೆಳಗೆಳೆಯುತ್ತಿತ್ತು. ಮಷೀನಿಗೆ ಹೊಸದಾಗಿ ನಾಲ್ಕು ತಂದು, ಒಂದೇ ಗುಂಪೆಂದು ಮಾರ್ಕರ್‌ನಲ್ಲಿ ಗುರುತು ಹಾಕಿದೆ. ಹಳೆಯ ಮೂರರಲ್ಲಿ ಒಂದು ಈಗ ಮೌಸ್‌ನಲ್ಲಿದೆ, ಒಂದು ಗೋಡೆ ಗಡಿಯಾರದಲ್ಲಿ.