ಪ್ಯಾಸೇಜ್ ಅರ್ಥವಾಗುತ್ತದೆ, ಉತ್ತರ ಮಾತ್ರ ತಪ್ಪುತ್ತದೆ: ಬ್ಯಾಂಕ್ ಪರೀಕ್ಷೆಯ ಇಂಗ್ಲಿಷ್‌ಗೆ ಅಭ್ಯಾಸ ಹೇಗೆ?

ಓದುಗರ ಪ್ರಶ್ನೆ: ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಬಿ.ಕಾಂ. ಮುಗಿಸಿದ್ದೇನೆ. ಸರ್ಕಾರಿ ಬ್ಯಾಂಕುಗಳಿಗೆ ನೌಕರರನ್ನು ಆರಿಸುವ ಐಬಿಪಿಎಸ್ ಸಂಸ್ಥೆಯ ಪಿಒ (ಅಧಿಕಾರಿ ಹುದ್ದೆ) ಮತ್ತು ಕ್ಲರ್ಕ್ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. ಲೆಕ್ಕ, ರೀಸನಿಂಗ್ ಪರವಾಗಿಲ್ಲ. ಇಂಗ್ಲಿಷ್ ಪ್ಯಾಸೇಜ್ ಓದುವಾಗ ಎಲ್ಲ ಅರ್ಥವಾದಂತೆಯೇ ಅನಿಸುತ್ತದೆ, ಕೀ ಉತ್ತರ ನೋಡಿದರೆ ಅರ್ಧಕ್ಕರ್ಧ ತಪ್ಪು. ಇಡಿಯಮ್ (ನುಡಿಗಟ್ಟು) ಪಟ್ಟಿ ಬಾಯಿಪಾಠ ಮಾಡಿದರೆ ವಾರದಲ್ಲಿ ಮರೆತುಹೋಗುತ್ತದೆ. ಅಭ್ಯಾಸ ಹೇಗೆ ಮಾಡಲಿ?

ಉತ್ತರ: ಇಂಥ ಪ್ರಶ್ನೆ ಕೇಳಿದವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಪದಸಂಪತ್ತು ಹೆಚ್ಚಿಸಿಕೊಳ್ಳಿ. ಆದರೆ ನೀವು ಹೇಳಿಕೊಂಡಿರುವ ತೊಂದರೆ ಬೇರೆ. ದೊಡ್ಡ ಪದ ಗೊತ್ತಿಲ್ಲದಿದ್ದರೆ ಅಲ್ಲೇ ತಡವರಿಸಿ ನಿಲ್ಲುತ್ತೀರಿ. ಗೊತ್ತಿಲ್ಲ ಎಂಬುದಾದರೂ ತಿಳಿಯುತ್ತದೆ. ಎಲ್ಲ ಅರ್ಥವಾದಂತೆ ಅನಿಸಿಯೂ ಉತ್ತರ ತಪ್ಪುತ್ತಿದ್ದರೆ ಎಡವಿಸುತ್ತಿರುವುದು ಚಿಕ್ಕ ಪದಗಳು. ಬಟ್, ಯೆಟ್, ಹಾರ್ಡ್ಲಿ, ಫ್ಯೂ, ಅನ್ಲೆಸ್, ಲೆಸ್ಟ್. ಇವನ್ನು ಏಳನೇ ತರಗತಿಯಲ್ಲೇ ಕಲಿತೆವೆಂದು ಕಣ್ಣು ದಾಟಿಸಿಬಿಡುತ್ತದೆ. ಪ್ರಶ್ನೆ ತೆಗೆಯುವವರು ಬಲೆ ಹಾಕುವುದು ಸರಿಯಾಗಿ ಅಲ್ಲೇ.

ಇದು ಕನ್ನಡದವರಿಗೆ ಹೆಚ್ಚು ಕಾಡುವುದಕ್ಕೆ ಕಾರಣವಿದೆ. ನಮ್ಮ ಭಾಷೆಯಲ್ಲಿ ವಾಕ್ಯದ ತೀರ್ಪು ಕೊನೆಗೆ ಬರುತ್ತದೆ. ‘ಕಳೆದ ವರ್ಷ ಕೊಟ್ಟ ಸಾಲ ಇನ್ನೂ ವಸೂಲಾಗಿಲ್ಲ’ ಎಂಬಲ್ಲಿ ‘ಇಲ್ಲ’ ಕಟ್ಟಕಡೆಗೆ ಬಂದು ಕಿವಿಯಲ್ಲಿ ಉಳಿಯುತ್ತದೆ. ಇಂಗ್ಲಿಷ್ ಈ ‘ಇಲ್ಲ’ವನ್ನು ವಾಕ್ಯದ ನಡುವೆ, ಎಷ್ಟೋ ಸಲ ನಾಟ್ ಎಂಬ ಪದವೇ ಇಲ್ಲದೆ, ಹುದುಗಿಸಿಡುತ್ತದೆ. ‘ಯೆಟ್ ಟು ರಿಕವರ್’ ಎಂದರೆ ಇನ್ನೂ ಚೇತರಿಸಿಕೊಂಡಿಲ್ಲ. ‘ಫಾರ್ ಫ್ರಮ್ ಸ್ಟೇಬಲ್’ ಎಂದರೆ ಸ್ಥಿರವಾಗಿಲ್ಲ. ‘ಟೂ ಲೇಟ್ ಟು ಹೆಲ್ಪ್’ ಎಂದರೆ ಉಪಯೋಗಕ್ಕೆ ಬಾರದಷ್ಟು ತಡ. ‘ಫ್ಯೂ ಬ್ಯಾಂಕ್ಸ್’ ಎಂದರೆ ಇಲ್ಲವೆನ್ನುವಷ್ಟು ಕಡಿಮೆ, ‘ಎ ಫ್ಯೂ ಬ್ಯಾಂಕ್ಸ್’ ಎಂದರೆ ಕೆಲವು ಬ್ಯಾಂಕುಗಳು ಇವೆ. ಒಂದು ‘ಎ’ಗೆ ಉತ್ತರವೇ ತಿರುಗಿಬೀಳುತ್ತದೆ. ಇನ್ನೊಂದು ಜಾಗವೂ ಹೀಗೇ. ನಾವು ವಿವರವನ್ನು ಹೆಸರಿನ ಮುಂದೆ ಇಡುತ್ತೇವೆ, ‘ನಿನ್ನೆ ಬಂದ ಹುಡುಗ’ ಎನ್ನುತ್ತೇವೆ. ಇಂಗ್ಲಿಷ್‌ನಲ್ಲಿ ಆ ವಿವರ ವಿಚ್, ದಟ್, ಹೂ ಹಿಡಿದುಕೊಂಡು ಹೆಸರಿನ ಹಿಂದೆ ಬರುತ್ತದೆ, ಮುಖ್ಯ ಕ್ರಿಯಾಪದ ಎರಡು ಸಾಲು ಆಚೆ ಹೋಗಿರುತ್ತದೆ. ಅಷ್ಟರಲ್ಲಿ ಯಾರ ಬಗ್ಗೆ ಮಾತು ಶುರುವಾಯಿತೆಂಬುದೇ ಮರೆತಿರುತ್ತದೆ.

ಒಂದು ವಾಕ್ಯವನ್ನು ಬಿಡಿಸಿ ನೋಡೋಣ. ಇದು ಅಭ್ಯಾಸಕ್ಕಾಗಿಯೇ ಕಟ್ಟಿದ್ದು:

‘ರೈಟ್-ಆಫ್ಸ್, ವಿಚ್ ಮೆನಿ ಡೆಪಾಸಿಟರ್ಸ್ ಮಿಸ್ಟೇಕ್ ಫಾರ್ ವೇವರ್ಸ್, ಆಲ್ ಬಟ್ ಡಿಸಪಿಯರ್ಡ್ ಲಾಸ್ಟ್ ಇಯರ್; ರಿಕವರೀಸ್, ಹೌಎವರ್, ವರ್ ಎನಿಥಿಂಗ್ ಬಟ್ ಎನ್‌ಕರೇಜಿಂಗ್.’

ಮೊದಲು ‘ವಿಚ್’ನಿಂದ ‘ವೇವರ್ಸ್’ವರೆಗೆ, ಮೊದಲೆರಡು ಕಾಮಾಗಳ ನಡುವಿನದನ್ನು ಬೆರಳಿನಿಂದ ಮುಚ್ಚಿ. ಉಳಿಯುವುದು ‘ರೈಟ್-ಆಫ್ಸ್ ಆಲ್ ಬಟ್ ಡಿಸಪಿಯರ್ಡ್’. ಕ್ರಿಯಾಪದದ ಮುಂದೆ ಬಂದ ‘ಆಲ್ ಬಟ್’ಗೆ ‘ಹೆಚ್ಚುಕಡಿಮೆ’ ಎಂದರ್ಥ. ಸಂಖ್ಯೆಯ ಮುಂದೆ ಬಂದರೆ, ‘ಆಲ್ ಬಟ್ ಟೂ’ ಎಂಬಂತೆ, ‘ಎರಡರ ಹೊರತು ಮಿಕ್ಕೆಲ್ಲ’. ಅಂದರೆ ರೈಟ್-ಆಫ್ (ವಸೂಲಾಗದ ಸಾಲವನ್ನು ಲೆಕ್ಕಪುಸ್ತಕದಿಂದ ತೆಗೆಯುವುದು) ಹೆಚ್ಚುಕಡಿಮೆ ನಿಂತೇಹೋಯಿತು. ‘ಎನಿಥಿಂಗ್ ಬಟ್’ ಎಂದರೆ ‘ಖಂಡಿತ ಅಲ್ಲ’: ವಸೂಲಿ ಆಶಾದಾಯಕವಾಗಿರಲಿಲ್ಲ. ಇದನ್ನೇ ‘ನಥಿಂಗ್ ಬಟ್’ ಎಂದಿದ್ದರೆ ‘ಅದೇ ಹೊರತು ಬೇರೇನಲ್ಲ’ ಎಂದಾಗಿ ಅರ್ಥ ಪೂರಾ ತಿರುಗುತ್ತಿತ್ತು. ಇನ್ನು ಮುಚ್ಚಿದ್ದನ್ನು ತೆರೆಯಿರಿ: ರೈಟ್-ಆಫ್ ಅಂದರೆ ಸಾಲ ಮನ್ನಾ ಎಂದು ಬಹಳ ಠೇವಣಿದಾರರು ತಪ್ಪು ತಿಳಿಯುತ್ತಾರೆ.

ಈ ವಾಕ್ಯದ ಮೇಲೆ ಐದು ಆಯ್ಕೆ ಬಂದವೆನ್ನಿ. ಒಂದು, ಬ್ಯಾಂಕು ಸಾಲ ಮನ್ನಾ ಮಾಡುವುದನ್ನು ನಿಲ್ಲಿಸಿತು. ಎರಡು, ಕಳೆದ ವರ್ಷ ಒಂದೇ ಒಂದು ರೈಟ್-ಆಫ್ ಕೂಡ ಆಗಲಿಲ್ಲ. ಮೂರು, ರೈಟ್-ಆಫ್ ತೀರಾ ಕಡಿಮೆಯಾದರೂ ವಸೂಲಿ ಸಮಾಧಾನಕರವಾಗಿರಲಿಲ್ಲ. ನಾಲ್ಕು, ವಸೂಲಿ ಚೆನ್ನಾಗಿ ಆದ್ದರಿಂದ ರೈಟ್-ಆಫ್ ಕಡಿಮೆಯಾಯಿತು. ಐದು, ರೈಟ್-ಆಫ್ ಆದ ಸಾಲವನ್ನೂ ಬ್ಯಾಂಕು ಮುಂದೆ ವಸೂಲಿ ಮಾಡಬಹುದು.

ಉತ್ತರ ಮೂರನೆಯದು. ಉಳಿದ ನಾಲ್ಕು ಏಕೆ ತಪ್ಪು ಎಂದು ಬಾಯಿಬಿಟ್ಟು ಹೇಳಬಲ್ಲಿರಾದರೆ ಮಾತ್ರ ಈ ಪ್ರಶ್ನೆ ನಿಮ್ಮದಾಯಿತು. ಮೊದಲನೆಯದು ರೈಟ್-ಆಫ್ ಪದವನ್ನು ಮೆಲ್ಲಗೆ ಮನ್ನಾಕ್ಕೆ ಅದಲುಬದಲು ಮಾಡಿದೆ. ಎರಡನೆಯದು ‘ಹೆಚ್ಚುಕಡಿಮೆ’ಯನ್ನು ‘ಪೂರ್ತಿ’ ಮಾಡಿದೆ. ನಾಲ್ಕನೆಯದು ಪ್ಯಾಸೇಜಿನಲ್ಲಿ ಇಲ್ಲದ ಕಾರಣವನ್ನು ಸೇರಿಸಿದೆ, ವಸೂಲಿಯನ್ನೂ ತಿರುಗಿಸಿದೆ. ಐದನೆಯದು ಬಿ.ಕಾಂ. ಓದಿದವರಿಗೇ ಇಟ್ಟ ಬಲೆ: ಬ್ಯಾಂಕಿಂಗ್‌ನಲ್ಲಿ ಅದು ನಿಜ, ಲೆಕ್ಕಪುಸ್ತಕದಿಂದ ತೆಗೆದ ಮೇಲೂ ಸಾಲಗಾರನ ಹೊಣೆ ತೀರುವುದಿಲ್ಲ. ಆದರೆ ಈ ವಾಕ್ಯ ಅದನ್ನು ಹೇಳಿಲ್ಲ. ಪ್ಯಾಸೇಜ್ ಓದಿ ಉತ್ತರಿಸುವ ಕಾಂಪ್ರಿಹೆನ್ಷನ್‌ನಲ್ಲಿ ನಿಮಗೆ ಗೊತ್ತಿರುವ ನಿಜಕ್ಕೆ ಅಂಕವಿಲ್ಲ, ಪ್ಯಾಸೇಜ್ ಹೇಳಿದ್ದಕ್ಕೆ ಮಾತ್ರ. ಆಯ್ಕೆ ಗುರುತಿಸುವ ಮುನ್ನ ಅದಕ್ಕೆ ಆಧಾರವಾದ ಸಾಲಿನ ಮೇಲೆ ಬೆರಳಿಡುವ ಅಭ್ಯಾಸ ಮಾಡಿಕೊಳ್ಳಿ. ಬೆರಳಿಡಲು ಸಾಲು ಸಿಗದಿದ್ದರೆ ಆ ಆಯ್ಕೆ ಬಿಡಿ.

ತಪ್ಪುಗಳಿಗೊಂದು ಪುಸ್ತಕ ಇಡಿ, ಮೇಲಿನ ನಾಲ್ಕು ಬಲೆಗಳಿಗೆ ನಾಲ್ಕು ಅಕ್ಷರ ಇಟ್ಟುಕೊಳ್ಳಿ. ಪದ ಅದಲುಬದಲಿಗೆ ‘ಅ’, ಹೆಚ್ಚು ಮಾಡಿ ಹೇಳಿದ್ದಕ್ಕೆ ‘ಹೆ’, ಇಲ್ಲದ ಕಾರಣಕ್ಕೆ ‘ಕಾ’, ಹೊರಗಿನ ತಿಳಿವಳಿಕೆಗೆ ‘ಹೊ’. ‘ಇಲ್ಲ’ವನ್ನು ಗಮನಿಸದೆ ತಿರುಗಿಸಿ ಓದಿದ್ದರೆ ‘ತಿ’. ಪ್ರತಿ ತಪ್ಪಿನ ಮುಂದೆ ಪ್ಯಾಸೇಜಿನ ಸಾಲು, ನೀವು ಆರಿಸಿದ ಆಯ್ಕೆ, ಅಕ್ಷರ. ಹದಿನೈದು ಪ್ಯಾಸೇಜ್ ಮುಗಿಯುವಾಗ ಯಾವ ಅಕ್ಷರ ಹೆಚ್ಚು ಬಂದಿದೆ ಎಂದು ಎಣಿಸಿದರೆ ನಿಮ್ಮ ರೋಗ ಯಾವುದೆಂದು ಕಣ್ಣೆದುರೇ ಇರುತ್ತದೆ. ‘ತಿ’ ಹೆಚ್ಚಿದ್ದವರು ಚಿಕ್ಕ ಪದಗಳಿಗೆ ವೃತ್ತ ಹಾಕುತ್ತ ಓದಬೇಕು. ‘ಹೊ’ ಹೆಚ್ಚಿದ್ದವರು ತಮಗೆ ಏನೂ ಗೊತ್ತಿಲ್ಲದ ವಿಷಯದ ಪ್ಯಾಸೇಜ್‌ಗಳನ್ನೇ, ಸಮುದ್ರಜೀವಿಗಳ ಬಗ್ಗೆಯೋ ವಸ್ತುಸಂಗ್ರಹಾಲಯದ ಬಗ್ಗೆಯೋ, ಹೆಚ್ಚು ಬಿಡಿಸಬೇಕು. ದಿನಕ್ಕೆ ಒಂದು ಗಂಟೆ ಇದ್ದರೆ ಬಿಡಿಸಲು 20 ನಿಮಿಷ, ತಪ್ಪು ಹುಡುಕಲು 25, ಇಡಿಯಮ್‌ಗೆ 15. ಬಿಡಿಸಿದ್ದಕ್ಕಿಂತ ತಪ್ಪು ಹುಡುಕಿದ ಹೊತ್ತು ಹೆಚ್ಚಿರಲಿ. ದಿನಕ್ಕೆ ನಾಲ್ಕು ಪ್ಯಾಸೇಜ್ ಬಿಡಿಸಿ ಅಂಕ ಬರೆದಿಟ್ಟು ಮುಂದೆ ಹೋಗುವವರು ಅದೇ ತಪ್ಪನ್ನು ನಾಲ್ಕು ಸಲ ಗಟ್ಟಿ ಮಾಡಿಕೊಳ್ಳುತ್ತಾರೆ.

ಸಮಯದ ಲೆಕ್ಕ. ಐಬಿಪಿಎಸ್ ಪಿಒ, ಕ್ಲರ್ಕ್ ಎರಡರ ಮೊದಲ ಹಂತವಾದ ಪ್ರಿಲಿಮ್ಸ್‌ನಲ್ಲೂ ಇಂಗ್ಲಿಷ್‌ಗೆ 30 ಪ್ರಶ್ನೆ, 20 ನಿಮಿಷ. ಪ್ರಶ್ನೆಗೆ ಸರಾಸರಿ 40 ಸೆಕೆಂಡ್. ಈ ವಿಭಾಗದಲ್ಲೂ ಪ್ರತ್ಯೇಕ ಕಟ್-ಆಫ್ (ಕನಿಷ್ಠ ಅಂಕ) ದಾಟಬೇಕಾದ್ದರಿಂದ ಲೆಕ್ಕದ ಅಂಕದಿಂದ ಇದನ್ನು ಸರಿದೂಗಿಸಲಾಗದು. 400 ಪದದ ಪ್ಯಾಸೇಜನ್ನು ನಿಮಿಷಕ್ಕೆ 100 ಪದದಂತೆ ಓದಿದರೆ ಓದಿಗೇ 4 ನಿಮಿಷ ಹೋಯಿತು. 150 ಪದದಂತೆ ಓದಿದರೆ 2 ನಿಮಿಷ 40 ಸೆಕೆಂಡ್. ನಿಮ್ಮ ವೇಗ ಇವತ್ತೇ ಅಳೆದುಕೊಳ್ಳಿ: ಮೊಬೈಲ್‌ನಲ್ಲಿ ಟೈಮರ್ ಇಟ್ಟು ಎರಡು ನಿಮಿಷ ಓದಿ, ಓದಿದ ಪದ ಎಣಿಸಿ, ಎರಡರಿಂದ ಭಾಗಿಸಿ. ನೂರಕ್ಕಿಂತ ಕಡಿಮೆ ಇದ್ದರೆ ಬಹುಶಃ ಮನಸ್ಸಿನಲ್ಲೇ ಪ್ರತಿ ಪದ ಕನ್ನಡಕ್ಕೆ ಅನುವಾದವಾಗುತ್ತಿದೆ. ಅದನ್ನು ಪದಕ್ಕೆ ಪದ ಬೇಡ, ಪ್ಯಾರಾಕ್ಕೆ ಒಂದು ಸಾಲು ಮಾಡಿ. ಪ್ರತಿ ಪ್ಯಾರಾ ಮುಗಿದಾಗ ನಿಂತು, ‘ಇಲ್ಲಿ ಹೇಳಿದ್ದು: ಸಣ್ಣ ಸಾಲಗಾರರಿಗೆ ಬಡ್ಡಿ ಇಳಿಕೆಯ ಲಾಭ ಮುಟ್ಟಿಲ್ಲ’ ಎಂಬಷ್ಟನ್ನು ಕನ್ನಡದಲ್ಲೇ ಹೇಳಿಕೊಳ್ಳಿ. ಶೀರ್ಷಿಕೆ ಕೊಡಿ, ಲೇಖಕರ ಧೋರಣೆ ಏನು ಎಂಬ ಪ್ರಶ್ನೆಗಳಿಗೆ ಈ ಸಾಲುಗಳೇ ಸಾಕಾಗುತ್ತವೆ. ಪರೀಕ್ಷೆಯಲ್ಲಿ ಎರರ್ (ವಾಕ್ಯದ ತಪ್ಪು ಹುಡುಕುವುದು), ಫಿಲ್ಲರ್ (ಬಿಟ್ಟ ಪದ ತುಂಬುವುದು), ಕ್ಲೋಜ್ ಟೆಸ್ಟ್ (ಇಡೀ ಪ್ಯಾರಾದಲ್ಲಿ ಬಿಟ್ಟ ಪದಗಳನ್ನು ತುಂಬುವುದು) ಮೊದಲು ಮುಗಿಸಿ 8 ನಿಮಿಷ ಉಳಿಸಿಕೊಂಡು ಪ್ಯಾಸೇಜಿಗೆ ಬನ್ನಿ. ಮೊದಲೇ ಕೈ ಹಾಕಿದರೆ ಅದು ಹೊತ್ತೆಲ್ಲ ನುಂಗುತ್ತದೆ.

ಈಗ ಇಡಿಯಮ್. ಪಟ್ಟಿ ಮರೆಯುವುದು ನಿಮ್ಮ ನೆನಪಿನ ದೋಷವಲ್ಲ. ಒಂದು ಕಡೆ ನುಡಿಗಟ್ಟು, ಇನ್ನೊಂದು ಕಡೆ ಅರ್ಥ, ನಡುವೆ ಗೆರೆ. ಹಿಡಿದುಕೊಳ್ಳಲು ಏನೂ ಇಲ್ಲ. ಬ್ಯಾಂಕ್ ಪರೀಕ್ಷೆ ಕೇಳುವುದೂ ಬರೀ ಅರ್ಥವನ್ನಲ್ಲ. ಪ್ಯಾಸೇಜಿನೊಳಗೆ ದಪ್ಪಕ್ಷರದಲ್ಲಿ ಕೊಟ್ಟು ಕೇಳುತ್ತಾರೆ, ಅಥವಾ ಮೂರು ವಾಕ್ಯ ಕೊಟ್ಟು ಯಾವುದರಲ್ಲಿ ಬಳಕೆ ಸರಿ ಎನ್ನುತ್ತಾರೆ. ‘ಬ್ರೇಕ್ ದ ಐಸ್’ ನೋಡಿ. ಅಪರಿಚಿತರ ನಡುವಿನ ಬಿಗುಮಾನ ಮುರಿದು ಮಾತು ಶುರು ಮಾಡುವುದು ಇದರ ಅರ್ಥ. ‘ಜಗಳವಾದ ಮೇಲೆ ಪಾಲುದಾರರು ಐಸ್ ಬ್ರೇಕ್ ಮಾಡಿ ಮಾತು ಬಿಟ್ಟರು’ ಎಂಬ ಹುರುಳಿನ ವಾಕ್ಯ ಬಂದರೆ ಅದು ತಪ್ಪು ಬಳಕೆ. ಅರ್ಥ ಮಸುಕಾಗಿ ನೆನಪಿದ್ದವರು ‘ಬ್ರೇಕ್’ ಕಂಡು ಸಂಬಂಧ ಮುರಿದದ್ದೆಂದು ಸರಿ ಹಾಕುತ್ತಾರೆ.

ಕನ್ನಡ ಗಟ್ಟಿ ಇದ್ದವರಿಗೆ ಇಲ್ಲಿ ನಿಜವಾದ ಅನುಕೂಲ ಇದೆ, ಆದರೆ ನುಡಿಗಟ್ಟುಗಳನ್ನು ಮೂರು ಗುಂಪು ಮಾಡಿಕೊಂಡರೆ. ಮೊದಲ ಗುಂಪು ನಮ್ಮಲ್ಲೂ ಹಾಗೇ ಇರುವಂಥವು: ಲಯನ್ಸ್ ಶೇರ್ ಸಿಂಹಪಾಲು, ವೈಟ್ ಎಲಿಫೆಂಟ್ ಬಿಳಿಯಾನೆ, ಕ್ರೊಕೊಡೈಲ್ ಟಿಯರ್ಸ್ ಮೊಸಳೆ ಕಣ್ಣೀರು. ಇವಕ್ಕೆ ಒಂದು ನಿಮಿಷವೂ ಬೇಡ. ಎರಡನೆಯದು, ಚಿತ್ರ ಬೇರೆ ಭಾವ ಒಂದೇ ಇರುವಂಥವು. ‘ಬಿಟ್ವೀನ್ ದ ಡೆವಿಲ್ ಅಂಡ್ ದ ಡೀಪ್ ಸೀ’ ಎಂಬಲ್ಲಿ ಪಿಶಾಚಿ ಮತ್ತು ಕಡಲು, ನಮ್ಮಲ್ಲಿ ಅತ್ತ ದರಿ ಇತ್ತ ಪುಲಿ. ‘ಮೇಕ್ ಎ ಮೌಂಟನ್ ಔಟ್ ಆಫ್ ಎ ಮೋಲ್‌ಹಿಲ್’ ಅಂದರೆ ಕಡ್ಡಿಯನ್ನು ಗುಡ್ಡ ಮಾಡುವುದು. ‘ಆ್ಯಡ್ ಫ್ಯುಯೆಲ್ ಟು ದ ಫೈರ್’ ಎಂದರೆ ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು. ಅರ್ಥವನ್ನು ವಿವರಿಸಿ ಬರೆಯಬೇಡಿ, ನಮ್ಮ ಮಾತನ್ನೇ ಪಕ್ಕಕ್ಕೆ ಬರೆಯಿರಿ, ಅದು ಮರೆಯುವುದಿಲ್ಲ.

ಮೂರನೇ ಗುಂಪಿಗೆ ನಿಮ್ಮ ಹೊತ್ತೆಲ್ಲ ಹೋಗಲಿ. ಇವು ನಮ್ಮ ಮಾತಿನಂತೆಯೇ ಕಂಡು ದಾರಿ ತಪ್ಪಿಸುವಂಥವು. ‘ಲೆಂಡ್ ಎ ಹ್ಯಾಂಡ್’ ಎಂದರೆ ನೆರವಾಗುವುದು. ನಮ್ಮಲ್ಲಿ ಕೈಕೊಟ್ಟ ಎಂದರೆ ನಂಬಿಸಿ ಮೋಸ ಮಾಡಿದ. ‘ಪುಲ್ ಸಮ್‌ವನ್ಸ್ ಲೆಗ್’ ಎಂದರೆ ಸುಮ್ಮನೆ ತಮಾಷೆ ಮಾಡುವುದಷ್ಟೇ. ಮೇಲೇರುವವನನ್ನು ಕಾಲೆಳೆದು ಬೀಳಿಸುವ ನಮ್ಮ ಅರ್ಥ ಅದಕ್ಕಿಲ್ಲ. ‘ಬರ್ನ್ ದ ಕ್ಯಾಂಡಲ್ ಅಟ್ ಬೋತ್ ಎಂಡ್ಸ್’ ಕೇಳಲು ದುಂದುಗಾರಿಕೆ ಅನಿಸುತ್ತದೆ, ಅರ್ಥ ಹಗಲೂ ರಾತ್ರಿ ದುಡಿದು ಬಳಲುವುದು. ಒಂದೆರಡು ಪದ ಬದಲಾದರೆ ಅರ್ಥ ಹಾರಿಹೋಗುವ ಜೋಡಿಗಳನ್ನೂ ಇಲ್ಲೇ ಸೇರಿಸಿ: ‘ಗೋ ಟು ಒನ್ಸ್ ಹೆಡ್’ ತಲೆಗೇರುವುದು, ‘ಗೋ ಓವರ್ ಒನ್ಸ್ ಹೆಡ್’ ಅರ್ಥವೇ ಆಗದಿರುವುದು, ‘ಇನ್ ದ ರೆಡ್’ ನಷ್ಟದಲ್ಲಿರುವುದು, ‘ಸೀ ರೆಡ್’ ಕೆಂಡಾಮಂಡಲವಾಗುವುದು.

ದಿನಕ್ಕೆ ಐದು ಸಾಕು. ಪ್ರತಿಯೊಂದಕ್ಕೂ ಹಣ ಅಥವಾ ಬ್ಯಾಂಕಿನ ಸನ್ನಿವೇಶದಲ್ಲಿ ಒಂದು ಪೂರ್ತಿ ಇಂಗ್ಲಿಷ್ ವಾಕ್ಯ ಬರೆಯಿರಿ, ಎ, ದ, ಟು, ಆಫ್ ಒಂದೂ ಬಿಡದೆ. ಮರುದಿನ, ಮೂರನೇ ದಿನ, ಏಳನೇ ದಿನ ನುಡಿಗಟ್ಟನ್ನು ಮುಚ್ಚಿ ಕನ್ನಡದ ಮಾತಿನಿಂದ ಇಂಗ್ಲಿಷ್ ಹೇಳಲು ಯತ್ನಿಸಿ. ತಡವರಿಸಿದರೆ ಮತ್ತೆ ಮೊದಲ ದಿನಕ್ಕೆ. ಭಾನುವಾರ ಹೊಸದು ಬೇಡ. ಹತ್ತು ವಾರಕ್ಕೆ ಮುನ್ನೂರಾಗುತ್ತದೆ, ಸಾವಿರದ ಪಟ್ಟಿಯನ್ನು ಮೂರು ಸಲ ಅರ್ಧಕ್ಕೆ ಬಿಡುವುದಕ್ಕಿಂತ ಎಷ್ಟೋ ಮೇಲು. ಪುಟ್ ಅಪ್ ವಿತ್, ಫಾಲ್ ಥ್ರೂ, ಕಾಲ್ ಆಫ್, ವೈಂಡ್ ಅಪ್‌ನಂಥ, ಕ್ರಿಯಾಪದಕ್ಕೆ ಚಿಕ್ಕ ಪದ ಸೇರಿ ಹೊಸ ಅರ್ಥ ಕೊಡುವ ಫ್ರೇಜಲ್ ವರ್ಬ್‌ಗಳನ್ನೂ ಇದೇ ಪುಸ್ತಕದಲ್ಲಿ ಬರೆಯಿರಿ. ಪರೀಕ್ಷೆಯಲ್ಲಿ ಅವುಗಳ ಹಾವಳಿ ಇಡಿಯಮ್‌ಗಿಂತ ಕಡಿಮೆಯೇನಲ್ಲ.

ಏನು ಓದಬೇಕೆಂದರೆ, ಒಂದೇ ಸುದ್ದಿಯನ್ನು ಎರಡು ಭಾಷೆಯಲ್ಲಿ. ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಪ್ರಕಟವಾದ ಮರುದಿನ ಪ್ರಜಾವಾಣಿಯಲ್ಲೋ ವಿಜಯ ಕರ್ನಾಟಕದಲ್ಲೋ ವರದಿ ಓದಿ, ಆಮೇಲೆ ಡೆಕ್ಕನ್ ಹೆರಾಲ್ಡ್ ಅಥವಾ ದಿ ಹಿಂದೂ ತೆರೆಯಿರಿ. ವಿಷಯ ಮೊದಲೇ ತಿಳಿದಿರುವುದರಿಂದ ಗಮನವೆಲ್ಲ ಇಂಗ್ಲಿಷ್ ವಾಕ್ಯ ಹೇಗೆ ಕಟ್ಟಿದೆ ಎಂಬುದಕ್ಕೆ ಹೋಗುತ್ತದೆ. ಒಂದು ತಿಂಗಳ ನಂತರ ಕ್ರಮ ತಿರುಗಿಸಿ: ಮೊದಲು ಇಂಗ್ಲಿಷ್, ತಪ್ಪು ತಿಳಿದದ್ದನ್ನು ಸರಿಪಡಿಸಿಕೊಳ್ಳಲು ಕನ್ನಡ.

ಕೊನೆಗೆ, ಊಹಿಸಿ ಉತ್ತರಿಸುವುದು. ಒಂದು ಅಂಕದ ಪ್ರಶ್ನೆ ತಪ್ಪಾದರೆ 0.25 ಅಂಕ ಕಳೆಯುತ್ತಾರೆ, ಬಿಟ್ಟರೆ ಏನೂ ಕಳೆಯುವುದಿಲ್ಲ. ಐದರಲ್ಲಿ ಕಣ್ಣುಮುಚ್ಚಿ ಒಂದನ್ನು ಆರಿಸಿದರೆ ಐದು ಪ್ರಶ್ನೆಗೆ ಸರಾಸರಿ ಒಂದು ಸರಿ, ನಾಲ್ಕು ತಪ್ಪು. ಬಂದ ಒಂದು ಅಂಕ ಪೂರ್ತಿ ವಾಪಸ್ ಹೋಯಿತು. ಅದೇ ಎರಡು ಆಯ್ಕೆಗಳನ್ನು ‘ಹೆ’, ‘ಹೊ’ ಎಂದು ಖಚಿತವಾಗಿ ತೆಗೆದುಹಾಕಿ ಮೂರರಲ್ಲಿ ಒಂದನ್ನು ಆರಿಸಿದರೆ, ಅಂಥ ಆರು ಪ್ರಶ್ನೆಗೆ ಸರಾಸರಿ ಎರಡು ಸರಿ, ನಾಲ್ಕು ತಪ್ಪು: ಒಂದು ಅಂಕ ಉಳಿಯುತ್ತದೆ. ಎರಡನ್ನು ತೆಗೆಯಲಾಗದಿದ್ದರೆ ಖಾಲಿ ಬಿಟ್ಟು ಮುಂದಿನದಕ್ಕೆ ಹೋಗಿ.