ದೂರು ಮೊದಲು ಯಾರ ಕೈಗೆ ಹೋಗುತ್ತದೆ? ಅಮೆರಿಕದ ಕಾಲೇಜ್ ಫುಟ್‌ಬಾಲ್‌ನ ಐವತ್ತು ವರ್ಷಗಳ ಜಗ್ಗಾಟ

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಿಂದ ಬರುವ ಸುದ್ದಿಗಳಿಗೆ ಈಗ ಒಂದು ಅಚ್ಚು ಬಿದ್ದುಬಿಟ್ಟಿದೆ. ಯಾವುದೋ ವಿಶ್ವವಿದ್ಯಾಲಯದ ಕೋಚ್ ಅಮಾನತಾಗುತ್ತಾರೆ. ಯಾವನೋ ಆಟಗಾರನ ಮೇಲೆ ಲೈಂಗಿಕ ದೌರ್ಜನ್ಯದ ದೂರು ಬರುತ್ತದೆ. ತನಿಖೆ ನಡೆಯುತ್ತಿದೆ ಎಂದು ಎರಡು ಸಾಲಿನ ಪ್ರಕಟಣೆ ಹೊರಬೀಳುತ್ತದೆ. ಆಮೇಲೆ ವಕೀಲರು, ವರದಿ, ರಾಜೀನಾಮೆ, ಪರಿಹಾರದ ಒಪ್ಪಂದ. ನಡುವೆ ಟೈಟಲ್ ನೈನ್, ಕ್ಲೆರಿ ಕಾಯ್ದೆ, ಎನ್‌ಸಿಎಎ ಎಂಬ ಹೆಸರುಗಳು ಬಂದು ಹೋಗುತ್ತವೆ. ತಪ್ಪು ನಡೆದರೆ ಯಾರನ್ನು ಕೇಳಬೇಕು ಎಂಬುದೇ ಓದುವವರಿಗೆ ಗೊತ್ತಾಗುವುದಿಲ್ಲ. ಈ ಕ್ಯಾಂಪಸ್‌ಗಳಲ್ಲಿ ಕರ್ನಾಟಕದ ಮಕ್ಕಳೂ ಓದುತ್ತಿದ್ದಾರೆ. ಅಲ್ಲಿನ ಕಾನೂನು ಅವರಿಗೂ ಅನ್ವಯಿಸುತ್ತದೆ. ಹಾಗಾಗಿ ಈ ಗಂಟನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲು ಈ ಆಟದ ಗಾತ್ರ ಗೊತ್ತಿರಬೇಕು. ಇದು ನಾವು ಫುಟ್‌ಬಾಲ್ ಎನ್ನುವ ಕಾಲ್ಚೆಂಡಾಟವಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಮೈಗೆ ಮೈ ಡಿಕ್ಕಿ ಹೊಡೆಯುವ ಆಟ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬೀವರ್ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ. ಹಲವು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಮೊದಲ ಸ್ಥಾನದಲ್ಲಿ ಇರುವುದು ಗವರ್ನರ್ ಅಲ್ಲ, ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್. ಟಿವಿ ಹಕ್ಕಿನ ಹಣ, ಹಳೆ ವಿದ್ಯಾರ್ಥಿಗಳ ದೇಣಿಗೆ, ಊರಿನ ಹೋಟೆಲ್‌ಗಳ ವ್ಯಾಪಾರ ಎಲ್ಲವೂ ತಂಡದ ಗೆಲುವಿಗೆ ಅಂಟಿಕೊಂಡಿರುತ್ತವೆ. ಕಾಗದದ ಮೇಲೆ ಕೋಚ್‌ಗೆ ಅಥ್ಲೆಟಿಕ್ ಡೈರೆಕ್ಟರ್ ಮೇಲಧಿಕಾರಿ. ಅವರ ಮೇಲೆ ವಿಶ್ವವಿದ್ಯಾಲಯದ ಅಧ್ಯಕ್ಷರು, ಅಧ್ಯಕ್ಷರ ಮೇಲೆ ಆಡಳಿತ ಮಂಡಳಿ. ಆದರೆ ಗೆಲ್ಲುತ್ತಿರುವ ಕೋಚ್‌ಗೆ ಎದುರು ಮಾತಾಡುವ ಧೈರ್ಯ ಇವರಲ್ಲಿ ಎಷ್ಟು ಜನಕ್ಕಿದೆ? ಮುಂದಿನ ಕಥೆಯ ಬೇರು ಇಲ್ಲೇ ಇದೆ.

ಕಾಲೇಜು ಕ್ರೀಡೆಗಳ ನಿಯಮ ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ. ಅದು ಹುಟ್ಟಿದ್ದು 1906ರಲ್ಲಿ, ಮೈದಾನದಲ್ಲಿ ಹುಡುಗರು ಸಾಯುತ್ತಿದ್ದ ಕಾಲದಲ್ಲಿ. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕಾಲೇಜುಗಳನ್ನು ಕರೆಸಿ ಆಟ ಸರಿಪಡಿಸಿ ಎಂದಿದ್ದರು. ಮುಂದೆ ಈ ಸಂಸ್ಥೆಯ ಗಮನವೆಲ್ಲ ಹಣದ ಕಡೆ ಹೊರಳಿತು. ಆಟಗಾರರಿಗೆ ಯಾರಾದರೂ ಗುಟ್ಟಾಗಿ ಕಾಸು ಕೊಡುತ್ತಿದ್ದಾರಾ, ಊಟ ಕೊಡಿಸಿದರಾ, ಕಾರು ಕೊಟ್ಟರಾ? 1987ರಲ್ಲಿ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ ಆಟಗಾರರಿಗೆ ಹಣ ಕೊಟ್ಟಿದ್ದಕ್ಕೆ ಅದರ ಇಡೀ ಸೀಸನ್ ರದ್ದಾಯಿತು. ಆದರೆ ಹೆಣ್ಣುಮಗಳೊಬ್ಬಳ ಮೇಲೆ ಆಟಗಾರ ಕೈ ಮಾಡಿದರೆ ಅದಕ್ಕೆ ಇಂಥ ನಿಯಮವೇ ಇರಲಿಲ್ಲ. ಅದು ಕೋಚ್ ವಿವೇಚನೆಗೆ ಬಿಟ್ಟ ವಿಷಯ. 1995ರಲ್ಲಿ ನೆಬ್ರಾಸ್ಕಾದ ತಾರಾ ಆಟಗಾರನೊಬ್ಬ ತನ್ನ ಮಾಜಿ ಗೆಳತಿಯ ಮೇಲೆ ಹಲ್ಲೆ ಮಾಡಿದ. ಅವನನ್ನು ಆರು ಪಂದ್ಯ ಹೊರಗಿಟ್ಟರು. ಅದೇ ಸೀಸನ್‌ನಲ್ಲಿ ವಾಪಸ್ ಬಂದು ಚಾಂಪಿಯನ್‌ಶಿಪ್ ಪಂದ್ಯವನ್ನೂ ಆಡಿದ. 1998ರಲ್ಲಿ ಒರೆಗಾನ್ ಸ್ಟೇಟ್‌ನಲ್ಲಿ ಬ್ರೆಂಡಾ ಟ್ರೇಸಿ ಎಂಬ ಯುವತಿ ಸಾಮೂಹಿಕ ಅತ್ಯಾಚಾರದ ದೂರು ಕೊಟ್ಟಾಗ, ಇಬ್ಬರು ಆಟಗಾರರಿಗೆ ತಂಡ ಕೊಟ್ಟ ಶಿಕ್ಷೆ ಒಂದು ಪಂದ್ಯದ ಅಮಾನತು. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಕಾನೂನು ಬೇರೆ ದಾರಿಯಲ್ಲಿ ಬೆಳೆಯಿತು. 1972ರ ಟೈಟಲ್ ನೈನ್ ಸಣ್ಣ ಕಾನೂನು. ಕೇಂದ್ರ ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆ ಲಿಂಗದ ಆಧಾರದ ಮೇಲೆ ತಾರತಮ್ಯ ಮಾಡುವಂತಿಲ್ಲ, ಅಷ್ಟೇ. 1999ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಂದು ಅರ್ಥ ಸೇರಿಸಿತು. ಒಬ್ಬ ವಿದ್ಯಾರ್ಥಿ ಇನ್ನೊಬ್ಬರಿಗೆ ಕೊಡುವ ಗಂಭೀರ ಲೈಂಗಿಕ ಕಿರುಕುಳ ಗೊತ್ತಿದ್ದೂ ಶಾಲೆ ಸುಮ್ನೆ ಕೂತರೆ, ಪರಿಹಾರಕ್ಕೆ ಅದೇ ಹೊಣೆ. ಕ್ಯಾಂಪಸ್‌ನಲ್ಲಿ ನಡೆದ ಅಪರಾಧಗಳ ಲೆಕ್ಕವನ್ನು ಬಹಿರಂಗವಾಗಿ ಕೊಡಬೇಕು ಎನ್ನುವುದು 1990ರ ಕ್ಲೆರಿ ಕಾಯ್ದೆ. ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ 1986ರಲ್ಲಿ ಕೊಲೆಯಾದ ವಿದ್ಯಾರ್ಥಿನಿಯ ಹೆಸರು ಅದಕ್ಕಿದೆ. ಕೊಲೊರಾಡೋದಲ್ಲಿ 2001ರ ಡಿಸೆಂಬರ್‌ನಲ್ಲಿ, ತಂಡಕ್ಕೆ ಸೇರಬಹುದಾದ ಹುಡುಗರು ಬಂದಿದ್ದ ಪಾರ್ಟಿಯೊಂದರಲ್ಲಿ ತಮ್ಮ ಮೇಲೆ ಅತ್ಯಾಚಾರ ನಡೆಯಿತೆಂದು ಮಹಿಳೆಯರು ಕೋರ್ಟ್‌ಗೆ ಹೋದರು. ಅಪಾಯ ಗೊತ್ತಿದ್ದೂ ಫುಟ್‌ಬಾಲ್ ವಿಭಾಗ ಕಣ್ಣು ಮುಚ್ಚಿಕೊಂಡಿತ್ತು ಎಂಬ ವಾದವನ್ನು ಜ್ಯೂರಿ ಮುಂದೆ ಇಡಬಹುದು ಎಂದು ಮೇಲ್ಮನವಿ ಕೋರ್ಟ್ 2007ರಲ್ಲಿ ಹೇಳಿತು. ಆ ವರ್ಷದ ಕೊನೆಗೆ ವಿಶ್ವವಿದ್ಯಾಲಯ ಒಬ್ಬರಿಗೆ 25 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಇದರ ಬಿಸಿ ಎಲ್ಲ ಕ್ಯಾಂಪಸ್‌ಗಳ ವಕೀಲರಿಗೂ ತಟ್ಟಿತು.

2011 ದೊಡ್ಡ ತಿರುವು. ಏಪ್ರಿಲ್‌ನಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಎಲ್ಲ ಕಾಲೇಜುಗಳಿಗೆ ಪತ್ರ ಬರೆದು, ಲೈಂಗಿಕ ದೌರ್ಜನ್ಯದ ದೂರನ್ನು ನೀವೇ ಬೇಗ ವಿಚಾರಿಸಬೇಕು, ಪೊಲೀಸರ ಕೇಸ್ ಮುಗಿಯಲಿ ಎಂದು ಕಾಯಬಾರದು ಎಂದಿತು. ನವೆಂಬರ್‌ನಲ್ಲಿ ಪೆನ್ ಸ್ಟೇಟ್ ಸ್ಫೋಟಿಸಿತು. ಹಿಂದೆ ಸಹಾಯಕ ಕೋಚ್ ಆಗಿದ್ದ ಜೆರ್ರಿ ಸ್ಯಾಂಡಸ್ಕಿ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗಾಗಿ ಬಂಧಿತನಾದ. ಮರು ವರ್ಷ 45 ಆರೋಪಗಳಲ್ಲಿ ತಪ್ಪಿತಸ್ಥನೆಂದು ತೀರ್ಪಾಗಿ, 30ರಿಂದ 60 ವರ್ಷ ಜೈಲು ಶಿಕ್ಷೆಯಾಯಿತು. 2001ರಲ್ಲೇ ತಂಡದ ಒಬ್ಬ ಕಿರಿಯ ಸಹಾಯಕ, ಶವರ್ ಕೋಣೆಯಲ್ಲಿ ಕಂಡದ್ದನ್ನು ಹೆಡ್ ಕೋಚ್ ಜೋ ಪಟೆರ್ನೊಗೆ ಹೇಳಿದ್ದ. ಪಟೆರ್ನೊ ಅಥ್ಲೆಟಿಕ್ ಡೈರೆಕ್ಟರ್‌ಗೆ ಹೇಳಿದರು. ಅಲ್ಲಿಂದ ಮಾತು ಇನ್ನೂ ಮೇಲಕ್ಕೆ ಹೋಯಿತು. ಮೇಲಕ್ಕೆ ಹೋಯಿತೇ ಹೊರತು ಪೊಲೀಸರ ಕಡೆಗೆ ಹೋಗಲಿಲ್ಲ. ಪ್ರತಿಯೊಬ್ಬರೂ ತಮ್ಮ ಮೇಲಿನವರಿಗೆ ತಿಳಿಸಿ ಕೈ ತೊಳೆದುಕೊಳ್ಳಬಹುದಾದ ಏರ್ಪಾಟು ಅದು. ಪೆನ್ಸಿಲ್ವೇನಿಯಾ ಆಮೇಲೆ ತನ್ನ ಕಾನೂನು ಬದಲಾಯಿಸಿ, ವಿಷಯ ಗೊತ್ತಾದವರು ನೇರವಾಗಿ ಮಕ್ಕಳ ರಕ್ಷಣಾ ವ್ಯವಸ್ಥೆಗೇ ತಿಳಿಸಬೇಕು ಎಂದಿತು.

ಎನ್‌ಸಿಎಎ ತನ್ನ ಮಾಮೂಲಿ ವಿಚಾರಣೆ ಪಕ್ಕಕ್ಕಿಟ್ಟು 2012ರ ಜುಲೈನಲ್ಲಿ 6 ಕೋಟಿ ಡಾಲರ್ ದಂಡ ಹಾಕಿತು. ಹಳೆಯ ನೂರಕ್ಕೂ ಹೆಚ್ಚು ಗೆಲುವುಗಳನ್ನು ದಾಖಲೆಯಿಂದ ಅಳಿಸಿತು. ಇಂಥ ಅಧಿಕಾರ ನಿಮಗೆಲ್ಲಿದೆ ಎಂದು ಕೋರ್ಟ್ ಕೇಸುಗಳು ಬಿದ್ದವು. 2015ರ ಜನವರಿಯಲ್ಲಿ ಗೆಲುವುಗಳು ವಾಪಸ್ ಬಂದವು.

ಆ ಪೆಟ್ಟು ತಿಂದ ಸಂಸ್ಥೆ ಮುಂದಿನ ದೊಡ್ಡ ಪ್ರಕರಣದಲ್ಲಿ ಏನು ಮಾಡಿತು ಎಂಬುದನ್ನು ನಿಧಾನವಾಗಿ ನೋಡಬೇಕು. ನನ್ನ ಪ್ರಕಾರ ಇಡೀ ಕಗ್ಗಂಟು ಅರ್ಥವಾಗುವುದು ಟೆಕ್ಸಾಸ್‌ನ ವೇಕೊ ಪಟ್ಟಣದಲ್ಲಿ.

ಬೇಲರ್ ಅಲ್ಲಿನ ವಿಶ್ವವಿದ್ಯಾಲಯ, ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದ್ದು. ಬಹಳ ವರ್ಷ ಸೋಲುತ್ತಲೇ ಇದ್ದ ಅದರ ತಂಡ 2008ರ ನಂತರ ಗೆಲ್ಲಲು ಶುರು ಮಾಡಿತು. 2013ರಲ್ಲಿ ತನ್ನ ಲೀಗ್ ಗೆದ್ದಿತು. 2014ರಲ್ಲಿ ಬ್ರಾಜೊಸ್ ನದಿ ದಂಡೆಯ ಮೇಲೆ ಹೊಸ ಸ್ಟೇಡಿಯಂ ಎದ್ದಿತು. ಅದೇ 2014ರ ಜನವರಿಯಲ್ಲಿ ತಂಡದ ಮಾಜಿ ಆಟಗಾರನೊಬ್ಬನಿಗೆ ಅತ್ಯಾಚಾರಕ್ಕಾಗಿ 20 ವರ್ಷ ಜೈಲಾಯಿತು. ಸಂಭ್ರಮದ ನಡುವೆ ಆ ಸುದ್ದಿ ಮರೆಯಾಯಿತು.

2015ರ ಆಗಸ್ಟ್‌ನಲ್ಲಿ ಇನ್ನೊಬ್ಬ ಆಟಗಾರನ ವಿಚಾರಣೆ ನಡೆಯಿತು. ಇವನು ಬೇರೆ ವಿಶ್ವವಿದ್ಯಾಲಯದ ತಂಡದಿಂದ ಹೊರಬಿದ್ದು ಬೇಲರ್‌ಗೆ ಬಂದವನು. ಅವನ ಮೇಲಿನ ದೂರನ್ನು ಬೇಲರ್ ಮೊದಲೇ ತಾನಾಗಿ ವಿಚಾರಿಸಿ, ಸಾಕಷ್ಟು ಆಧಾರ ಇಲ್ಲ ಎಂದು ಮುಚ್ಚಿತ್ತು. ಇತ್ತ ಅವನ ಮೇಲೆ ಕ್ರಿಮಿನಲ್ ಕೇಸ್ ಇತ್ತು, ಅತ್ತ ಅವನು ತಂಡದಲ್ಲೇ ಇದ್ದ. ವಿಚಾರಣೆಗೆ ಎರಡು ತಿಂಗಳಿರುವಾಗಲೂ ಈ ಸೀಸನ್ ಆಡುತ್ತಾನೆ ಎಂದು ಕೋಚಿಂಗ್ ಸಿಬ್ಬಂದಿಯೊಬ್ಬರು ಬಹಿರಂಗವಾಗಿ ಹೇಳಿದ್ದರು. ಜ್ಯೂರಿ ಅವನನ್ನು ತಪ್ಪಿತಸ್ಥ ಎಂದಿತು. ವಿಶ್ವವಿದ್ಯಾಲಯಕ್ಕೆ ಕಾಣದ ಆಧಾರ ಜ್ಯೂರಿಗೆ ಕಂಡಿತ್ತು. ಇಷ್ಟಾದ ಮೇಲೆ ಆಡಳಿತ ಮಂಡಳಿ ಫಿಲಡೆಲ್ಫಿಯಾದ ಪೆಪ್ಪರ್ ಹ್ಯಾಮಿಲ್ಟನ್ ಎಂಬ ವಕೀಲರ ಸಂಸ್ಥೆಯನ್ನು ಕರೆಸಿತು.

2016ರ ಮೇ 26ರಂದು ಫಲಿತಾಂಶ ಹೊರಬಂತು. 13 ಪುಟಗಳ ಸಾರಾಂಶ, 105 ಶಿಫಾರಸು. ಆ 13 ಪುಟಗಳಲ್ಲಿ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಕೆಲವು ಪ್ರಕರಣಗಳಲ್ಲಿ ಫುಟ್‌ಬಾಲ್ ಸಿಬ್ಬಂದಿ ದೂರು ಕೊಟ್ಟವರನ್ನೋ ಅವರ ಹೆತ್ತವರನ್ನೋ ತಾವೇ ಭೇಟಿಯಾಗಿದ್ದರು. ಆಮೇಲೆ ಆ ವಿಷಯವನ್ನು ತಂಡದ ಹೊರಗೆ ಯಾರಿಗೂ ತಿಳಿಸಿರಲಿಲ್ಲ. ತಂಡಕ್ಕೆ ತನ್ನದೇ ಆದ ಶಿಸ್ತಿನ ಪದ್ಧತಿ ಇತ್ತು. ವಿಶ್ವವಿದ್ಯಾಲಯದ ಶಿಸ್ತು ಕಚೇರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಮಗಳಿಗೆ ಅನ್ಯಾಯವಾಗಿದೆ ಎಂದು ಬಂದ ತಾಯಿತಂದೆ ಯಾರ ಎದುರು ಕೂತು ಮಾತಾಡಿದರು ನೋಡಿ. ಆರೋಪಿ ಶನಿವಾರ ಆಡಬೇಕೋ ಬೇಡವೋ ಎಂದು ನಿರ್ಧರಿಸುವ ವಿಭಾಗದವರ ಎದುರು. ಅವರು ಎಷ್ಟೇ ಒಳ್ಳೆಯವರಿರಲಿ, ಆ ಕುರ್ಚಿಯಲ್ಲಿ ಕೂತು ನ್ಯಾಯವಾಗಿ ಯೋಚಿಸುವುದು ಸಾಧ್ಯವಾ?

ತಪ್ಪು ಫುಟ್‌ಬಾಲ್ ವಿಭಾಗದ್ದಷ್ಟೇ ಆಗಿರಲಿಲ್ಲ. ಆಡಳಿತದಲ್ಲೇ ಕೆಲವರು ದೂರು ಕೊಡಲು ಬಂದವರ ಉತ್ಸಾಹ ಕುಂದಿಸಿದ್ದರು. ಒಂದು ಪ್ರಕರಣದಲ್ಲಿ ಅದು ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಂಡಂತೆಯೇ ಆಗಿತ್ತು ಎಂದು ವಕೀಲರು ಕಂಡುಕೊಂಡರು. ಮದ್ಯ, ಮದುವೆಯಾಚೆಗಿನ ಸಂಬಂಧ ಎರಡಕ್ಕೂ ಕಟ್ಟುನಿಟ್ಟಿನ ನಿಯಮವಿದ್ದ ಕ್ಯಾಂಪಸ್ ಅದು. ಪಾರ್ಟಿಯಲ್ಲಿ ಕುಡಿದಿದ್ದೆ ಎಂದು ಒಪ್ಪಿಕೊಂಡರೆ ತನಗೇ ಶಿಕ್ಷೆಯಾದೀತು ಎಂದು ಹೆದರುವ ಹುಡುಗಿ ದೂರು ಕೊಡುವುದಾದರೂ ಹೇಗೆ? ಪೂರ್ಣಾವಧಿಯ ಟೈಟಲ್ ನೈನ್ ಅಧಿಕಾರಿಯನ್ನು ಬೇಲರ್ ಮೊದಲ ಸಲ ನೇಮಿಸಿಕೊಂಡದ್ದೇ 2014ರ ನವೆಂಬರ್‌ನಲ್ಲಿ. ಇಲಾಖೆಯ ಪತ್ರ ಬಂದು ಮೂರೂವರೆ ವರ್ಷವಾಗಿತ್ತು.

ಹೆಡ್ ಕೋಚ್ ಕೆಲಸ ಹೋಯಿತು. ಅಧ್ಯಕ್ಷ ಕೆನ್ ಸ್ಟಾರ್ ಹುದ್ದೆ ಕಳೆದುಕೊಂಡರು. ಅಥ್ಲೆಟಿಕ್ ಡೈರೆಕ್ಟರ್ ರಾಜೀನಾಮೆ ಕೊಟ್ಟರು. ಆದರೆ ಪೂರ್ತಿ ವರದಿ ಎಲ್ಲಿ ಎಂದು ಕೇಳಿದವರಿಗೆ ಸಿಕ್ಕ ಉತ್ತರ: ಅಂಥದ್ದೊಂದು ಲಿಖಿತ ವರದಿಯೇ ಇಲ್ಲ. ವಕೀಲರು ಆಡಳಿತ ಮಂಡಳಿಗೆ ಬಾಯಿಮಾತಿನಲ್ಲಿ ಹೇಳಿದ್ದರಂತೆ. ಬರೆದಿಟ್ಟರೆ ಅದು ನಾಳೆ ಕೋರ್ಟ್‌ಗೆ ಬರಬಹುದು ಅಲ್ವಾ. ಇದರಿಂದ ಕಷ್ಟವಾಗಿದ್ದು ದೂರು ಕೊಟ್ಟವರಿಗೆ ಮಾತ್ರವಲ್ಲ. ಕೆಲಸ ಕಳೆದುಕೊಂಡವರಿಗೂ ತಮ್ಮ ಮೇಲೆ ಹೊರಿಸಿದ್ದೇನು ಎಂಬುದನ್ನು ಜನರ ಮುಂದೆ ಇಟ್ಟು ಉತ್ತರಿಸುವ ದಾರಿ ಇಲ್ಲವಾಯಿತು.

ಎನ್‌ಸಿಎಎ ತೀರ್ಪು ಕೊಟ್ಟದ್ದು ಐದು ವರ್ಷ ಕಳೆದು, 2021ರ ಆಗಸ್ಟ್‌ನಲ್ಲಿ. ಅದರ ತರ್ಕ ಹೀಗಿತ್ತು. ಆಟಗಾರರಿಗೆ ಬೇರೆ ವಿದ್ಯಾರ್ಥಿಗಳಿಗೆ ಸಿಗದ ಸವಲತ್ತು ಕೊಟ್ಟರೆ ಅದು ನಿಯಮ ಮುರಿದಂತೆ. ಬೇಲರ್ ಫುಟ್‌ಬಾಲ್ ಆಟಗಾರರ ಮೇಲಿನ ದೂರುಗಳನ್ನು ಮುಂದಕ್ಕೆ ಕಳಿಸಲಿಲ್ಲ, ನಿಜ. ಆದರೆ ಇಡೀ ಕ್ಯಾಂಪಸ್ಸೇ ಯಾರ ಮೇಲಿನ ದೂರನ್ನೂ ಸರಿಯಾಗಿ ಮುಂದಕ್ಕೆ ಕಳಿಸುತ್ತಿರಲಿಲ್ಲ. ಹಾಗಾಗಿ ಆಟಗಾರರಿಗೆ ವಿಶೇಷ ಸವಲತ್ತು ಸಿಕ್ಕಿತು ಎನ್ನಲಾಗದು. ಬಹಳ ಒಲ್ಲದ ಮನಸ್ಸಿನಿಂದಲೇ ಈ ತೀರ್ಮಾನಕ್ಕೆ ಬಂದಿದ್ದೇವೆ ಎಂದು ಸಮಿತಿ ಬರೆಯಿತು. ವೈಫಲ್ಯ ಎಲ್ಲೆಡೆ ಹಬ್ಬಿತ್ತು ಎಂಬುದೇ ರಕ್ಷಣೆಯಾಯಿತು. ಬೇರೆ ಕೆಲವು ತಪ್ಪುಗಳಿಗೆ ನಾಲ್ಕು ವರ್ಷದ ನಿಗಾ ಮತ್ತು 5,000 ಡಾಲರ್ ದಂಡ ಬಿತ್ತು. ಕ್ಲೆರಿ ಕಾಯ್ದೆಯಡಿ ಶಿಕ್ಷಣ ಇಲಾಖೆ ಅದಕ್ಕೂ ಮೊದಲೇ 4,61,656 ಡಾಲರ್ ದಂಡ ಹಾಕಿತ್ತು. ಪೆನ್ ಸ್ಟೇಟ್‌ಗೆ ನಿಯಮ ಮೀರಿ ಶಿಕ್ಷೆ, ಬೇಲರ್‌ಗೆ ನಿಯಮವಿಲ್ಲವೆಂದು ಬಿಡುಗಡೆ. ಈ ಎರಡರ ನಡುವೆ ಬರಬೇಕಾಗಿದ್ದ ನಿಯಮವನ್ನು ಯಾರೂ ಬರೆಯಲಿಲ್ಲ ಎನ್ನುವುದೇ ನನಗೆ ದೊಡ್ಡ ನೋವು.

ಪೂರ್ತಿ ಏನೂ ಆಗಲಿಲ್ಲ ಎನ್ನಲಾಗದು. 2017ರಿಂದ ಪ್ರತಿ ವಿಶ್ವವಿದ್ಯಾಲಯದ ಅಧ್ಯಕ್ಷರು, ಅಥ್ಲೆಟಿಕ್ ಡೈರೆಕ್ಟರ್ ಮತ್ತು ಟೈಟಲ್ ನೈನ್ ಅಧಿಕಾರಿ, ಲೈಂಗಿಕ ದೌರ್ಜನ್ಯ ತಡೆಯುವ ತರಬೇತಿ ನಡೆದಿದೆ ಎಂದು ವರ್ಷಕ್ಕೊಮ್ಮೆ ಎನ್‌ಸಿಎಎಗೆ ಬರೆದುಕೊಡಬೇಕು. ತಮ್ಮ ಮೇಲಿನ ಹಳೆಯ ಪ್ರಕರಣಗಳನ್ನು ಆಟಗಾರರೇ ತಿಳಿಸಬೇಕೆಂಬ ಷರತ್ತು ಆಮೇಲೆ ಸೇರಿತು. ಆದರೆ ತಿಳಿಸಿದ ಮೇಲೆ ಆಡಿಸಬೇಕೋ ಬೇಡವೋ ಎಂಬ ತೀರ್ಮಾನ ಆಯಾ ಕಾಲೇಜಿಗೇ ಬಿಟ್ಟದ್ದು.

ಕೋಚ್‌ಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ, ಅದು ಕಾಂಟ್ರಾಕ್ಟ್. ಸೋತಿದ್ದಕ್ಕೆ ತೆಗೆದುಹಾಕಿದರೆ ಉಳಿದ ವರ್ಷಗಳ ಹಣ ಕೊಡಬೇಕು, ಕೆಲವೊಮ್ಮೆ ಕೋಟಿಗಟ್ಟಲೆ ಡಾಲರ್. ದುರ್ನಡತೆಗಾಗಿ ತೆಗೆದರೆ ಕೊಡಬೇಕಿಲ್ಲ. ಹೀಗಾಗಿ ಗೆಲ್ಲುವ ಕೋಚ್ ಮೇಲಿನ ದೂರಿಗೂ ಸೋಲುವ ಕೋಚ್ ಮೇಲಿನ ದೂರಿಗೂ ಬೇರೆ ಬೇರೆ ತೂಕ ಬರುವ ಅಪಾಯವಿದೆ. 2022ರ ಡಿಸೆಂಬರ್‌ನಲ್ಲಿ ಮಿಷಿಗನ್ ಸ್ಟೇಟ್‌ನ ಹೆಡ್ ಕೋಚ್ ಮೇಲೆ ಲೈಂಗಿಕ ಕಿರುಕುಳದ ದೂರು ಕೊಟ್ಟವರು ಅದೇ ಬ್ರೆಂಡಾ ಟ್ರೇಸಿ. ಅಷ್ಟು ಹೊತ್ತಿಗೆ ಅವರು ಇದೇ ವಿಷಯದ ಬಗ್ಗೆ ತಂಡಗಳಿಗೆ ತಿಳಿಹೇಳುವ ಕೆಲಸಕ್ಕೆ ಹೆಸರಾಗಿದ್ದರು. ಆ ತಂಡದ ಹುಡುಗರ ಮುಂದೆಯೂ ಮಾತಾಡಿದ್ದರು. ಕೋಚ್ ಆರೋಪ ನಿರಾಕರಿಸಿದರು. ಅವರ ಕಾಂಟ್ರಾಕ್ಟ್ 10 ವರ್ಷಕ್ಕೆ 9.5 ಕೋಟಿ ಡಾಲರ್. ತನಿಖೆ ನಡೆಯುತ್ತಿದ್ದ ತಿಂಗಳುಗಳಲ್ಲಿ ಅವರು ಕೋಚ್ ಆಗಿಯೇ ಮುಂದುವರಿದರು. 2023ರ ಸೆಪ್ಟೆಂಬರ್ 10ರಂದು ಯುಎಸ್‌ಎ ಟುಡೇ ಪತ್ರಿಕೆಯಲ್ಲಿ ಈ ದೂರಿನ ವರದಿ ಪ್ರಕಟವಾಯಿತು. ಅದೇ ದಿನ ಅಮಾನತು, ಆ ತಿಂಗಳಲ್ಲೇ ವಜಾ.

ಅದೇ ವರ್ಷ ಜುಲೈನಲ್ಲಿ ಇಲಿನಾಯ್‌ನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲೂ ಹೀಗೇ ಆಗಿತ್ತು. ಕಿರಿಯ ಆಟಗಾರರಿಗೆ ರ‍್ಯಾಗಿಂಗ್ ನಡೆದಿದೆ ಎಂಬ ದೂರಿನ ತನಿಖೆ ಮುಗಿದು ಹೆಡ್ ಕೋಚ್‌ಗೆ ಎರಡು ವಾರದ ಅಮಾನತು ಘೋಷಣೆಯಾಯಿತು. ಮಾರನೇ ದಿನ ವಿದ್ಯಾರ್ಥಿಗಳ ಪತ್ರಿಕೆ ವಿವರ ಬರೆಯಿತು. ಎರಡೇ ದಿನದಲ್ಲಿ ವಜಾ. ವಿಶ್ವವಿದ್ಯಾಲಯದ ಕೈಯಲ್ಲಿ ತನಿಖೆಯ ಫಲಿತಾಂಶ ಅದಕ್ಕೂ ಮೊದಲೇ ಇತ್ತು. ಕೋಚ್ ಕೋರ್ಟ್‌ಗೆ ಹೋದರು, 2025ರಲ್ಲಿ ರಾಜಿಯಾಯಿತು. ರ‍್ಯಾಗಿಂಗ್ ಬಗ್ಗೆ ಆಟಗಾರರು ಅವರಿಗೆ ಹೇಳಿದ್ದರು ಎಂದಾಗಲಿ, ಅವರು ಅದಕ್ಕೆ ಒಪ್ಪಿಗೆ ಕೊಟ್ಟಿದ್ದರು ಎಂದಾಗಲಿ ಸಾಬೀತಾಗಲಿಲ್ಲ ಎಂದು ವಿಶ್ವವಿದ್ಯಾಲಯವೇ ಹೇಳಿತು. ರ‍್ಯಾಗಿಂಗ್‌ಗೆ ಒಳಗಾದ ಹುಡುಗರಿಗೂ ಈ ಕೋಚ್‌ಗೂ ಸಮಾನವಾಗಿ ಅನ್ಯಾಯ ಮಾಡುವ ಪದ್ಧತಿ ಇದು. ತನಿಖೆ ಒಂದು ತೂಕ ಹೇಳುತ್ತದೆ, ಪತ್ರಿಕೆಯ ಮುಖಪುಟ ಇನ್ನೊಂದು ತೂಕ ಹೇಳಿಸುತ್ತದೆ.

ಕೇಂದ್ರ ಸರ್ಕಾರದ ಟೈಟಲ್ ನೈನ್ ನಿಯಮಗಳೂ ನೆಟ್ಟಗೆ ನಿಲ್ಲುತ್ತಿಲ್ಲ. ಶಿಕ್ಷಣ ಇಲಾಖೆಯ 2011ರ ಪತ್ರವನ್ನು 2017ರಲ್ಲಿ ಹಿಂತೆಗೆದುಕೊಂಡರು. 2020ರಲ್ಲಿ ಬಂದ ಹೊಸ ನಿಯಮದಲ್ಲಿ ಪಾಟಿ ಸವಾಲು ಸೇರಿತು. 2024ರಲ್ಲಿ ಮತ್ತೆ ಬದಲಾಯಿತು. 2025ರ ಜನವರಿಯಲ್ಲಿ ಕೆಂಟಕಿಯ ಫೆಡರಲ್ ಕೋರ್ಟ್ ಅದನ್ನು ರದ್ದು ಮಾಡಿ 2020ಕ್ಕೇ ವಾಪಸ್ ಕಳಿಸಿತು. ಒಬ್ಬ ವಿದ್ಯಾರ್ಥಿನಿ ಕಾಲೇಜು ಸೇರಿ ಡಿಗ್ರಿ ಮುಗಿಸುವಷ್ಟರಲ್ಲಿ ದೂರಿನ ವಿಧಾನ ಎರಡು ಸಲ ಬದಲಾಗಿರಬಹುದು.

2025ರ ಮಾರ್ಚ್‌ನಲ್ಲಿ ಶಿಕ್ಷಣ ಇಲಾಖೆ ತನ್ನ ನಾಗರಿಕ ಹಕ್ಕುಗಳ ವಿಭಾಗದ 12 ಪ್ರಾದೇಶಿಕ ಕಚೇರಿಗಳಲ್ಲಿ 7ನ್ನು ಮುಚ್ಚುವುದಾಗಿ ಹೇಳಿತು. ಟೈಟಲ್ ನೈನ್ ದೂರುಗಳನ್ನು ನೋಡುವುದು ಇದೇ ವಿಭಾಗ. ಪಟ್ಟಿಯಲ್ಲಿ ಪೆನ್ಸಿಲ್ವೇನಿಯಾವನ್ನು ನೋಡಿಕೊಳ್ಳುವ ಫಿಲಡೆಲ್ಫಿಯಾ, ಟೆಕ್ಸಾಸ್‌ನ ಡಲ್ಲಾಸ್, ಮಿಷಿಗನ್‌ಗೆ ಸೇರಿದ ಕ್ಲೀವ್‌ಲ್ಯಾಂಡ್, ಇಲಿನಾಯ್‌ನ ಶಿಕಾಗೊ ಕಚೇರಿಗಳಿವೆ. ಪೆನ್ ಸ್ಟೇಟ್, ಬೇಲರ್, ಮಿಷಿಗನ್ ಸ್ಟೇಟ್, ನಾರ್ತ್‌ವೆಸ್ಟರ್ನ್ ನಾಲ್ಕೂ ಈ ಕಚೇರಿಗಳ ವ್ಯಾಪ್ತಿಗೆ ಬರುತ್ತಿದ್ದವು. ಕ್ಯಾಂಪಸ್ಸಿನೊಳಗೆ ನ್ಯಾಯ ಸಿಗದಿದ್ದರೆ ಹೊರಗೆ ತಟ್ಟಬಹುದಾಗಿದ್ದ ಬಾಗಿಲುಗಳು ಇವು.