ಏಪ್ರಿಲ್ 1, 2006: ಮೇಷ್ಟ್ರ ಪಿಂಚಣಿಯನ್ನು ಎರಡು ಮಾಡಿದ ತಾರೀಖು

ಕರ್ನಾಟಕದ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರನ್ನು "ನೀವು ಒಪಿಎಸ್ಸಾ, ಎನ್‌ಪಿಎಸ್ಸಾ?" ಎಂದು ಕೇಳಿ. ಉತ್ತರ ಅವರ ಪಾಠವನ್ನಾಗಲಿ, ಓದನ್ನಾಗಲಿ ಹೇಳುವುದಿಲ್ಲ. ಕೆಲಸಕ್ಕೆ ಹಾಜರಾದ ತಾರೀಖನ್ನು ಮಾತ್ರ ಹೇಳುತ್ತದೆ. 2006ರ ಮಾರ್ಚ್ 31ರೊಳಗೆ ಸೇರಿದವರಿಗೆ ಹಳೆ ಪಿಂಚಣಿ, ಅಂದರೆ ಒಪಿಎಸ್; ಮರುದಿನದಿಂದ ಸೇರಿದವರಿಗೆ ಹೊಸದು, ಅಂದರೆ ಎನ್‌ಪಿಎಸ್.

ಹಳೆಯದರ ಲೆಕ್ಕ ಸರಳ. ಪೂರ್ತಿ ಸೇವೆ ಮುಗಿಸಿದವರಿಗೆ ಕೊನೆಯ ಬೇಸಿಕ್‌ನ (ಮೂಲ ವೇತನದ) ಅರ್ಧ, ಅದರ ಮೇಲೆ ಆಗಾಗ ಏರುವ ತುಟ್ಟಿಭತ್ಯೆ (ಡಿಎ). ತೀರಿಕೊಂಡರೆ ಮನೆಯವರಿಗೆ ಕುಟುಂಬ ಪಿಂಚಣಿ. ಇದು ಸರ್ಕಾರ ದಯೆಯಿಂದ ಕೊಡುವ ದುಡ್ಡಲ್ಲ, ದುಡಿದವರ ಹಕ್ಕು ಎಂದು 1982ರಲ್ಲೇ ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು.

ಹೊಸದರಲ್ಲಿ ತಿಂಗಳು ತಿಂಗಳೂ ಬೇಸಿಕ್ ಮತ್ತು ಡಿಎಯ ಶೇ 10ರಷ್ಟು ಕಡಿತ. ಸರ್ಕಾರವೂ ಮೊದಲು ಅಷ್ಟೇ ಹಾಕುತ್ತಿತ್ತು, ಈಗ ಶೇ 14 ಹಾಕುತ್ತದೆ. ದುಡ್ಡು ಮಾರುಕಟ್ಟೆಗೆ ಹೋಗುತ್ತದೆ. ನಿವೃತ್ತಿಯಾದಾಗ ಶೇ 60ರವರೆಗೆ ಕೈಗೆ ತೆಗೆದುಕೊಳ್ಳಬಹುದು. ಉಳಿದದ್ದರಲ್ಲಿ ವರ್ಷಾಶನ, ಅಂದರೆ ನಿಯಮಿತವಾಗಿ ದುಡ್ಡು ಕೊಡುವ ವಿಮಾ ಯೋಜನೆ, ಕೊಳ್ಳಬೇಕು. ಅದಕ್ಕೆ ಡಿಎ ಇಲ್ಲ.

ಕೇಂದ್ರ ಸರ್ಕಾರ 2004ರ ಜನವರಿಯಲ್ಲೇ ಈ ದಾರಿ ಹಿಡಿದಿತ್ತು. ಕರ್ನಾಟಕಕ್ಕೂ ಸಾಲ, ಕೊರತೆಗಳ ಚಿಂತೆಯಿತ್ತು. ಸರ್ಕಾರದ ಕೊರತೆ, ಸಾಲಕ್ಕೆ ಮಿತಿ ಹಾಕುವ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲಿ ತಂದ ರಾಜ್ಯ ಇದು. ಆ ಚಿಂತೆ ಸುಳ್ಳೇನಲ್ಲ. ಆದರೆ ಉಳಿತಾಯ ಬೇಗ ಕಾಣುವುದಿಲ್ಲ. ಹಳಬರ ಪಿಂಚಣಿಯನ್ನೂ ಹೊಸಬರ ವಂತಿಗೆಯನ್ನೂ ಒಟ್ಟಿಗೆ ಕಟ್ಟುವ ಕಾಲವೊಂದಿದೆ. ನಾವೀಗ ಅದರ ನಡುವೆ ಇದ್ದೇವೆ.

ಇಷ್ಟನ್ನು ಹಣಕಾಸು ಇಲಾಖೆಯ ಕತೆಯಾಗಿ ಹೇಳಿ ಮುಗಿಸಬಹುದು. ನನಗೆ ಅದು ಅರ್ಧ ಕತೆ ಅನ್ನಿಸುತ್ತದೆ. ಮೇಷ್ಟ್ರ ಪಿಂಚಣಿ ಎಷ್ಟು ಅನ್ನುವುದನ್ನು ಶಿಕ್ಷಣ ಇಲಾಖೆಯ ನೇಮಕಾತಿಯೂ ತೀರ್ಮಾನಿಸುತ್ತದೆ.

ಅಧಿಸೂಚನೆ, ಪರೀಕ್ಷೆ, ಆಯ್ಕೆ ಪಟ್ಟಿ, ಆಕ್ಷೇಪಣೆ, ಕೋರ್ಟು, ಕೌನ್ಸೆಲಿಂಗು. ಒಂದೊಂದಕ್ಕೂ ತಿಂಗಳುಗಳು. 2006ಕ್ಕೆ ಮೊದಲು ಅರ್ಜಿ ಕರೆದು, ಆದೇಶ ಮಾತ್ರ ತಡವಾಗಿ ಕೊಟ್ಟಿದ್ದರಿಂದ ಎನ್‌ಪಿಎಸ್‌ಗೆ ಬಿದ್ದವರಿದ್ದರು. ತಡ ಮಾಡಿದ್ದು ಇಲಾಖೆ, ಪಿಂಚಣಿ ಹೋಗಿದ್ದು ನೌಕರರದು. ಇಂಥ ಸುಮಾರು 13,000 ನೌಕರರನ್ನು ಹಳೆ ಪಿಂಚಣಿಗೆ ತರುವ ಆದೇಶ ಬಂದದ್ದು 2024ರ ಜನವರಿಯಲ್ಲಿ.

2022ರಲ್ಲಿ ಆರರಿಂದ ಎಂಟನೇ ತರಗತಿಗೆ 15,000 ಶಿಕ್ಷಕರ ನೇಮಕಕ್ಕೆ ಹೊರಟಾಗಲೂ ಪಟ್ಟಿ ಕೋರ್ಟಿಗೆ ಹೋಯಿತು. ವಂತಿಗೆಯ ಪಿಂಚಣಿಯಲ್ಲಿ ಇಂಥ ತಡಕ್ಕೆ ಬೆಲೆ ಜಾಸ್ತಿ. 38ಕ್ಕೆ ಸೇರಿ 60ಕ್ಕೆ ನಿವೃತ್ತರಾದರೆ ದುಡ್ಡು ಬೆಳೆಯಲು ಸಿಗುವುದು 22 ವರ್ಷ ಮಾತ್ರ.

ಅನುದಾನಿತ ಶಾಲೆಗಳದ್ದು ಇನ್ನೂ ಸಿಕ್ಕು. ಸಂಬಳ ಸರ್ಕಾರದ್ದು, ನೇಮಕ ಆಡಳಿತ ಮಂಡಳಿಯದು. 1960ರ ದಶಕದಲ್ಲಿ ಭವಿಷ್ಯನಿಧಿ, ವಿಮೆ, ಪಿಂಚಣಿ ಮೂರನ್ನೂ ಸೇರಿಸಿದ ತ್ರಿವಿಧ ಸೌಲಭ್ಯ ಯೋಜನೆ ಇವರಿಗೂ ಬಂದಿತ್ತು. ಆಮೇಲೆ ಎದ್ದ ಪ್ರಶ್ನೆ, ಶಾಲೆಗೆ ಅನುದಾನ ಸಿಗುವ ಮೊದಲು ದುಡಿದ ವರ್ಷಗಳನ್ನು ಎಣಿಸಬೇಕೇ ಬೇಡವೇ ಎಂಬುದು. ಬೇಡ ಎಂದು 2014ರಲ್ಲಿ ಕಾಯ್ದೆಯನ್ನೇ ಮಾಡಲಾಯಿತು. ಕಡಿಮೆ ಸಂಬಳಕ್ಕೆ ಶಾಲೆ ಕಟ್ಟಿದ ವರ್ಷಗಳೇ ಲೆಕ್ಕದಿಂದ ಹೊರಗೆ ಉಳಿದವು ಅಲ್ವಾ? 2022ರಲ್ಲಿ ಪಿಂಚಣಿ ಸಿಗದ ಅನುದಾನಿತ ಶಾಲೆ, ಕಾಲೇಜುಗಳ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. ಅದು ತಿಂಗಳುಗಟ್ಟಲೆ ನಡೆಯಿತು.

ಅಷ್ಟರಲ್ಲಿ ರಾಜಸ್ಥಾನ, ಛತ್ತೀಸಗಢ ಹಳೆ ಪಿಂಚಣಿಗೆ ಮರಳುವುದಾಗಿ ಘೋಷಿಸಿದ್ದವು, ಹಿಮಾಚಲವೂ ಅದೇ ದಾರಿ ಹಿಡಿಯಿತು. ಇಲ್ಲಿ 2023ರ ಮಾರ್ಚ್ 1ರಂದು ಸಂಬಳ ಏರಿಸಿ, ಹಳೆ ಪಿಂಚಣಿ ಕೊಡಿ ಎಂದು ಸರ್ಕಾರಿ ನೌಕರರು ಕೆಲಸ ನಿಲ್ಲಿಸಿದರು. ಬೇಸಿಕ್‌ನ ಶೇ 17ರಷ್ಟು ಮಧ್ಯಂತರ ಪರಿಹಾರ ಅಂದೇ ಸಿಕ್ಕಿತು. ಪಿಂಚಣಿಗೆ ಸಿಕ್ಕಿದ್ದು ಸಮಿತಿ. ಕೇಂದ್ರವು ತನ್ನ ನೌಕರರಿಗೆ 2025ರ ಏಪ್ರಿಲ್‌ನಿಂದ ಏಕೀಕೃತ ಪಿಂಚಣಿ ತಂದಿದೆ. 25 ವರ್ಷ ದುಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಬೇಸಿಕ್‌ನ ಅರ್ಧದ ಖಾತ್ರಿ ಅದರಲ್ಲಿದೆ, ಆದರೆ ಕಡಿತ ಮುಂದುವರಿಯುತ್ತದೆ.

ಒಪಿಎಸ್ಸೋ ಎನ್‌ಪಿಎಸ್ಸೋ ಅನ್ನುವ ಈ ಜಗಳದಲ್ಲಿ ಅತಿಥಿ ಶಿಕ್ಷಕರ ಹೆಸರೇ ಬರುವುದಿಲ್ಲ. ಖಾಲಿ ಹುದ್ದೆಯ ತರಗತಿಗಳನ್ನು ನಡೆಸುವವರು ಅವರೇ. ಅವರಿಗಿರುವುದು ಗೌರವಧನ, ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ.